ಒಂಬತ್ತನೇ ಸಿಲಿಂಡರ್

"ಹಂಗಾರೆ ನಾನಿಲ್ದಿದ್ರೆ ಅರ್ಧ ಜನಕ್ಕೆ ಸರದಿನೇ ಬರಲ್ವಾ ಸಾರ್?"

ಶನಿವಾರ ಕೇಳಿದ ಮಾತು, ಗುರುವಾರ ಬಂದರೂ ಕಿವಿ ಬಿಟ್ಟು ಹೋಗಿಲ್ಲ. ಕೇಳಿದ್ದು ನಮ್ಮ ಎಂಟನೇ ಕ್ಲಾಸಿನ ಒಬ್ಬ ಹುಡುಗಿ. ಜೂನ್‌ನಿಂದ ಇಲ್ಲಿವರೆಗೆ "ಪ್ರೆಸೆಂಟ್ ಮಿಸ್" ಬಿಟ್ಟು ಅವಳ ಬಾಯಿಂದ ಬೇರೆ ಮಾತು ಹೊರಟಿದ್ದು ನನಗೆ ನೆನಪಿಲ್ಲ. ಆ "ಪ್ರೆಸೆಂಟ್ ಮಿಸ್" ಕೂಡ ವಾರಕ್ಕೆ ಮೂರು ದಿನ. ಅಂಥವಳು ಇಡೀ ಶಾಲೆಯ ಮುಂದೆ ಈ ಪ್ರಶ್ನೆಯನ್ನು ಮೂರು ಸಲ ಕೇಳಿದಳು. ಯಾಕೆಂದರೆ ಕೇಳಿಸಿಕೊಳ್ಳಬೇಕಾದವರಿಗೆ ಕಿವಿ ಮಂದ. ಮೊದಲ ಸಲ ಗೊಣಗಿದಳು. "ಏನಮ್ಮ?" ಅಂದರು. ಎರಡನೇ ಸಲ ತಲೆ ತಗ್ಗಿಸಿಕೊಂಡೇ ಹೇಳಿದಳು. "ಗಟ್ಟಿಯಾಗಿ ಹೇಳಮ್ಮ, ನಂಗೆ ಇಂಜಿನ್ನು ಕಿವಿ ತಿಂದಾಕೈತೆ" ಅಂದರು. ಮೂರನೇ ಸಲ ಅವಳು ಕೂಗಿದ ರಭಸಕ್ಕೆ ಬಿಸಿಯೂಟದ ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದಳು.

ಅವರು ನಮ್ಮ ಬೀದಿಯ ಕೊನೆ ಮನೆಯವರು. ತುಮಕೂರಿನ ನಮ್ಮ ಬೀದಿಗೆಲ್ಲ ಏರ್‌ಫೋರ್ಸ್ ತಾತ. ವಯಸ್ಸು 78. ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿದ್ದವರು. ಮೊದಲು ಹಾರ್ವರ್ಡ್ ಅನ್ನೋ ತರಬೇತಿ ವಿಮಾನ, ಆಮೇಲೆ ಡಕೋಟಾ ಅನ್ನೋ ಸಾಗಣೆ ವಿಮಾನ. ಅವರ ನಡುಮನೆ ಗೋಡೆಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಗಳ ಫೋಟೋ, ಅದರ ಪಕ್ಕಕ್ಕೇ ಡಕೋಟಾ ಫೋಟೋ. ಸೋಮವಾರ ಎರಡಕ್ಕೂ ಹೂವು ಬೀಳುತ್ತದೆ. ಡಿಸೆಂಬರ್ 17ರಂದು ಬೀದಿ ಮಕ್ಕಳಿಗೆಲ್ಲ ಮೈಸೂರು ಪಾಕ್. 1935ರಲ್ಲಿ ಡಕೋಟಾದ ಮೂಲ ಮಾದರಿ ಡಿಸಿ-3 ಮೊದಲ ಸಲ ಹಾರಿದ್ದು ಆ ದಿನವಂತೆ. ರೈಟ್ ಸಹೋದರರು 1903ರಲ್ಲಿ ಹಾರಿದ್ದೂ ಅದೇ ತಾರೀಕು ಎಂದು ನಾನೊಮ್ಮೆ ನೆನಪಿಸಿದೆ. "ಅವರಿಗೂ ಸೇರಿಸ್ಕೊಂಡೇ ಹಂಚ್ತಿರೋದು, ತಿನ್ನಮ್ಮ" ಅಂದರು.

ಅವರ ಮನೆಯಾಕೆಯದು ಬೇರೆಯೇ ಲೆಕ್ಕ. "ನಾನು ಸಂಸಾರ ಮಾಡಿದ್ದು ಇವರ ಜೊತೆ ಅಲ್ಲ ಕಣಮ್ಮ, ಆ ಎಣ್ಣೆ ಜಿಡ್ಡಿನ ಜೊತೆ. ಎಷ್ಟು ಸೋಪು ಸವೆಸಿದೀನಿ ಅಂತ ಗವರ್ಮೆಂಟ್ನೋರು ಪಿಂಚಣಿಲಿ ಬರೆದಿಲ್ಲ."

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತಲ್ಲ, ಆಗ ಇವರು ಎಷ್ಟು ಕುಣಿದಾಡುತ್ತಾರೋ ಅಂದುಕೊಂಡಿದ್ದೆ. ಪೇಪರ್ ಮಡಚಿಟ್ಟು, "ಒಳ್ಳೇದು, ನಮ್ಮ ಹುಡುಗ್ರಿಗೆ ಕೆಲಸ ಸಿಗ್ಲಿ. ಆದ್ರೆ ಅದ್ರೊಳಗಿರೋದು ಸೀಮೆಎಣ್ಣೆ ಸ್ಟವ್ ಕಣಮ್ಮ. ಹಚ್ಚಿದ್ರೆ ಬುಸ್ ಅಂತ ಉರೀತದೆ, ಅಷ್ಟೆ" ಅಂದರು. ಇದು ತಮಾಷೆಯ ಮಾತಾದರೂ ಪೂರ್ತಿ ಸುಳ್ಳಲ್ಲ. ಜೆಟ್ಟಿಗೂ ಇಂಥ ಹೆಲಿಕಾಪ್ಟರಿಗೂ ಹಾಕುವ ಇಂಧನ ಸೀಮೆಎಣ್ಣೆಯ ಜಾತಿಯದೇ. ಇವರ ಇಂಜಿನ್ನುಗಳಿಗೆ ಪೆಟ್ರೋಲ್ ಬೇಕಿತ್ತು. 2021ರ ಗಣರಾಜ್ಯೋತ್ಸವದಲ್ಲಿ ಎರಡು ಎಂಐ-17 ಹೆಲಿಕಾಪ್ಟರ್‌ಗಳ ನಡುವೆ ಒಂದು ಡಕೋಟಾ ಹಾರಿಸಿದ್ದರು. ನಾನೂ ಅವರ ಮನೆಯಲ್ಲೇ ಕೂತು ನೋಡುತ್ತಿದ್ದೆ. ತಾತ ಟೀವಿ ಸೌಂಡು ಕೊನೆ ಮುಟ್ಟಿಸಿ, ಸೆಟ್ಟಿಗೆ ಕಿವಿ ಒತ್ತಿ ನಿಂತರು. ವೀಕ್ಷಕ ವಿವರಣೆಯವನು ಬಾಯಿ ಮುಚ್ಚಲೇ ಇಲ್ಲ. "ಲೇ, ಒಂದ್ನಿಮಿಷ ಸುಮ್ನಿರೋ, ಅದೇನು ಹೇಳ್ತದೆ ಕೇಳಾನ" ಎಂದು ಟೀವಿಗೆ ಬೈದರು. ಕಣ್ಣಲ್ಲಿ ನೀರು ತುಂಬಿತ್ತು, ನಾನು ನೋಡಲಿಲ್ಲ ಅನ್ನೋ ಹಾಗೆ ಕಾಫಿ ಲೋಟ ತೊಳೆಯಲು ಎದ್ದೆ.

ಆ ಡಕೋಟಾದ ಕತೆ ಬೇರೆ. ಐರ್ಲೆಂಡಿನಲ್ಲಿ ಗುಜರಿಗೆ ಹೋಗಲಿದ್ದದ್ದನ್ನು 2011ರಲ್ಲಿ ರಾಜೀವ್ ಚಂದ್ರಶೇಖರ್ ಕೊಂಡು, ಇಂಗ್ಲೆಂಡಿನಲ್ಲಿ ಸರಿಮಾಡಿಸಿ, 2018ರಲ್ಲಿ ವಾಯುಪಡೆಗೆ ಕೊಟ್ಟರು. ಅವರ ತಂದೆ ಡಕೋಟಾ ಹಾರಿಸಿದವರು. ವಿಮಾನಕ್ಕೆ ಪರಶುರಾಮ ಅಂತ ಹೆಸರು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟಾದ ನೆನಪಿಗೆ ಅದರ ಮೈಮೇಲೆ ವಿಪಿ 905 ಎಂದು ಬರೆಸಿದರು. ಅಷ್ಟು ದುಡ್ಡಿರುವವರು ಅಪ್ಪನ ನೆನಪಿಗೆ ಏನೇನೋ ಕಟ್ಟಿಸುತ್ತಾರೆ. ಹಾರುವಂಥದ್ದನ್ನೇ ಎತ್ತಿ ನಿಲ್ಲಿಸಿದ್ದು ನನಗೂ ಇಷ್ಟವಾಯಿತು.

ಇರಲಿ, ಶನಿವಾರಕ್ಕೆ ಬರುತ್ತೇನೆ. ಬ್ಯಾಗ್ ಇಲ್ಲದ ಶನಿವಾರ. ಮಕ್ಕಳಿಗೆ ಏನಾದರೂ ಹೊಸದು ಮಾಡಿಸಿ ಅಂತ ಮೇಲಿನಿಂದ ಹೇಳುತ್ತಾರೆ, ಏನು ಅಂತ ಹೇಳುವುದಿಲ್ಲ. ನಾನು ತಾತನನ್ನು ಬಸ್ಸು ಹತ್ತಿಸಿಕೊಂಡು ಹೋದೆ. ನಮ್ಮ ಹೆಡ್‌ಮಾಸ್ಟರು ಸಮಯಪಾಲನೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಅತಿಥಿಗಳಿಗೆ ಇಪ್ಪತ್ತು ನಿಮಿಷ ಉಳಿಸಿದರು. ಗಣಿತದ ಮೇಷ್ಟ್ರು "ಇದು ಸಿಲಬಸ್‌ನಲ್ಲಿ ಎಲ್ಲಿ ಬರುತ್ತೆ ಮೇಡಂ?" ಅಂದರು. ಒಳ್ಳೆಯ ಮನುಷ್ಯ, ಪಾಠವೂ ಚೆನ್ನಾಗಿ ಮಾಡುತ್ತಾರೆ, ಆದರೆ ಬೇರೆಯವರ ಉತ್ಸಾಹ ಕಂಡರೆ ಮೈ ಪರಚಿಕೊಳ್ಳುವ ಜಾತಿ. ಪ್ರೊಜೆಕ್ಟರ್ ಹಚ್ಚಿದೆವು. ಎರಡನೇ ಚಿತ್ರಕ್ಕೆ ಕರೆಂಟು ಹೋಯಿತು.

ತಾತ ಎದ್ದರು. "ಸುತ್ತಳತೆ ದಾರ ಐತಾ? ಕೋನಮಾಪಕ ಐತಾ? ಒಂಬತ್ತು ಜನ ಬನ್ನಿ ಈಚೆಗೆ."

ಎಂಟು ಜನ ತಾವಾಗಿ ಓಡಿಬಂದರು, ಯಾವಾಗಲೂ ಕೈಯೆತ್ತುವ ಎಂಟು ಜನ. ಒಂಬತ್ತನೆಯವಳಾಗಿ ಹಿಂದೆ ನಿಂತಿದ್ದ ಇವಳ ಹೆಗಲು ಹಿಡಿದು ನಾನೇ ನೂಕಿದೆ. ಆರಿಸಿದ್ದೇನಲ್ಲ, ಕೈಗೆ ಹತ್ತಿರ ಸಿಕ್ಕಿದಳು, ಅಷ್ಟೆ.

ಹೊಂಗೆ ಮರದ ಕೆಳಗೆ ಗೂಟ ನೆಟ್ಟು, ದಾರ ಕಟ್ಟಿ, ಮಣ್ಣಲ್ಲಿ ವೃತ್ತ ಗೀಚಿದರು. 40 ಡಿಗ್ರಿಗೊಂದು ಗುರುತು, ಗುರುತಿಗೊಂದು ಮಗು. ಅವರು ಸಿಲಿಂಡರುಗಳು. ನಡುವೆ ಖೋಖೋ ತಂಡದ ಹುಡುಗನನ್ನು ನಿಲ್ಲಿಸಿ ಕೈ ಮುಂದೆ ಚಾಚಿಸಿದರು. ಅವನು ಕ್ರ್ಯಾಂಕು, ಸಿಲಿಂಡರು ಸಿಡಿದಾಗ ಸುತ್ತುವ ದಂಡ. ಅವನು ಸುತ್ತುತ್ತಾನೆ, ಅವನ ಕೈ ತೋರಿದ ಕಡೆ ಸಿಲಿಂಡರು ಸಿಡಿಯಬೇಕು. ಆದರೆ ಪ್ರತಿ ಸಲ ಅಲ್ಲ. "ಒಬ್ಬೊಬ್ಬರಿಗೆ ನಾಕು ಕೆಲಸ. ಎಳ್ಕೋ, ಒತ್ತು, ಸಿಡಿ, ಬಿಡು. ಇವನು ಎರಡು ಸುತ್ತು ಸುತ್ತೋದ್ರಲ್ಲಿ ಒಂದೇ ಸಲ ಸಿಡೀಬೇಕು. ಅದಕ್ಕೆ ಒಬ್ರನ್ನ ಬಿಟ್ಟು ಒಬ್ರು."

ಒಂದು, ಮೂರು, ಐದು, ಏಳು, ಒಂಬತ್ತು. ಅಲ್ಲಿಗೆ ಒಂದನ್ನು ಹಾರಿ ಎರಡು, ನಾಲ್ಕು, ಆರು, ಎಂಟು. ಮತ್ತೆ ಒಂದು. ಮೊದಲ ಸಲ ಎಲ್ಲರೂ ಒಟ್ಟಿಗೆ "ಡಬ್" ಅಂದು ಕುಪ್ಪೆಯಾಗಿ ಬಿದ್ದು ನಕ್ಕರು. ಐದನೇ ಸಲಕ್ಕೆ ಹತ್ತಿತು ನೋಡಿ. ಡಬ್, ಡಬ್, ಡಬ್, ಡಬ್. ಕ್ರ್ಯಾಂಕಿನ ಹುಡುಗ ವೇಗ ಹೆಚ್ಚಿಸಿದ. ಸದ್ದು ತುಂಡುತುಂಡಾಗಿದ್ದದ್ದು ಒಂದಕ್ಕೊಂದು ಅಂಟಿಕೊಂಡು ಗುಡುಗುಟ್ಟತೊಡಗಿತು. ತಾತ ಕಣ್ಣು ಮುಚ್ಚಿ ನಿಂತುಬಿಟ್ಟರು. ಹಾರ್ವರ್ಡ್ ಮೂತಿಯಲ್ಲಿ ಇದ್ದದ್ದು ಹೀಗೇ ಸುತ್ತ ನಿಂತ ಒಂಬತ್ತು ಸಿಲಿಂಡರು, ಒಟ್ಟು 22 ಲೀಟರ್ ಹೊಟ್ಟೆ, 600 ಕುದುರೆ ಶಕ್ತಿ. ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿಯವರು 1925ರಲ್ಲಿ ಮೊದಲು ಓಡಿಸಿದ ಇಂಜಿನ್ನಿನ ವಂಶ. ತಣ್ಣಗಾಗಲು ನೀರಿಲ್ಲ, ರೇಡಿಯೇಟರಿಲ್ಲ. ಒಂಬತ್ತೂ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತವೆ.

ಆಗ ಗಣಿತದ ಮೇಷ್ಟ್ರು ಬಾಯಿ ಹಾಕಿದರು. "ಒಂಬತ್ತೇ ಯಾಕೆ? ಎಂಟಿದ್ರೆ 45 ಡಿಗ್ರಿ, ಲೆಕ್ಕಕ್ಕೂ ಸಲೀಸು."

ತಾತನಿಗೆ ಇದು ಮೊದಲ ಸಲಕ್ಕೇ ಕೇಳಿಸಿತು, ಅದು ಹೇಗೋ. ಮಾತಾಡದೆ ಒಂಬತ್ತನೆಯವಳ ಕೈ ಹಿಡಿದು ವೃತ್ತದಿಂದ ಆಚೆ ನಿಲ್ಲಿಸಿದರು. ಉಳಿದವರನ್ನು ಸಮವಾಗಿ ಸರಿಸಿ, "ಓಡ್ಸು" ಅಂದರು. ಒಂದು, ಮೂರು, ಐದು, ಏಳು. ಅಲ್ಲಿಂದ ಒಬ್ಬರನ್ನು ಬಿಟ್ಟರೆ ಮತ್ತೆ ಒಂದು! "ನಂದು ಆಗ್ಲೇ ಆಯ್ತು ಸಾರ್" ಅಂದ ಒಂದನೆಯವನು. ಎರಡು, ನಾಲ್ಕು, ಆರು, ಎಂಟು ಉಸಿರು ಎಳೆದುಕೊಂಡು ಕೆನ್ನೆ ಉಬ್ಬಿಸಿ ಕಾಯುತ್ತಲೇ ಇದ್ದವು. ಎಷ್ಟು ಸುತ್ತಿದರೂ ಕೈ ಅವರ ಪಾಲಿಗೆ ಬರಲಿಲ್ಲ. ಬೇಕಂತಲೇ ಏಳರಿಂದ ಎರಡಕ್ಕೆ ನೆಗೆಸಿದರೆ ನಡುವೆ ಇಬ್ಬರನ್ನು ದಾಟಬೇಕು, ಎಂಟರಿಂದ ಒಂದಕ್ಕೆ ಬರುವಾಗ ಯಾರನ್ನೂ ಬಿಡುವಂತಿಲ್ಲ. "ಡಬ್ ಡಬ್... ಡಡಬ್" ಎಂದು ಕುಂಟಿತು.

"ನೋಡಿದ್ರಾ ಮೇಷ್ಟ್ರೇ, ಇದ್ರಲ್ಲಿ ಹತ್ತಿ ಹಾರ್ತೀರಾ?"

ಮೇಷ್ಟ್ರೂ ಬಿಡುವ ಪೈಕಿಯಲ್ಲ. ಡಕೋಟಾದ ಒಂದೊಂದು ಇಂಜಿನ್ನಿನಲ್ಲಿ ಹದಿನಾಲ್ಕು ಸಿಲಿಂಡರ್ ಅಂತಾರಲ್ಲ, ಅದು ಸರಿಸಂಖ್ಯೆ ಅಲ್ಲವೇ ಎಂದರು. "ಒಂದರ ಹಿಂದೆ ಒಂದು ಎರಡು ಸಾಲು. ಏಳೇಳು" ಅಂದರು ತಾತ. ಮೇಷ್ಟ್ರು ಬೆರಳಲ್ಲಿ ಎಣಿಸಿಕೊಂಡು, ತಲೆಯಾಡಿಸಿ, ಆಮೇಲೆ ಕೊನೆವರೆಗೂ ಮುಂದಿನ ಸಾಲಿನಲ್ಲೇ ನಿಂತಿದ್ದರು. ಅವರ ಬಗ್ಗೆ ಮೇಲೆ ಬರೆದದ್ದರಲ್ಲಿ ಅರ್ಧ ವಾಪಸ್.

ಆಗಲೇ ವೃತ್ತದಾಚೆ ನಿಂತಿದ್ದವಳು ಆ ಪ್ರಶ್ನೆ ಕೇಳಿದ್ದು. ಮೂರನೇ ಸಲದ ಕೂಗಿಗೆ ತಾತ ತಿರುಗಿ, "ಬರಲ್ಲ ಕಣಮ್ಮ. ಒಬ್ರಿಗೂ ನೆಟ್ಟಗೆ ಬರಲ್ಲ" ಅಂದರು. ಮತ್ತೆ ಅವಳನ್ನು ಜಾಗಕ್ಕೆ ನಿಲ್ಲಿಸಲು ಕೈ ಹಿಡಿದವರು ಆ ಕೈಯನ್ನೇ ನೋಡಿದರು. ಬೆರಳ ತುದಿ, ಉಗುರ ಸಂದು ಎಲ್ಲ ಕಪ್ಪು. "ಏನಮ್ಮ ಇದು?" "ಅಡಿಕೆ ಸಾರ್. ಸುಲಿಯಾಕೆ ಹೋಗ್ತೀವಿ." ತಾತ ತಮ್ಮ ಅಂಗೈ ಬಿಚ್ಚಿ ಅದರ ಪಕ್ಕ ಹಿಡಿದರು. ಕೆಲಸ ಬಿಟ್ಟು ಮೂರು ದಶಕವಾದರೂ ಗೆರೆಗಳಲ್ಲಿ ಇನ್ನೂ ಕಪ್ಪು ಕೂತಿದೆ. "ನಮ್ಮ ಟ್ರೇಡಿನವಳೇ ನೀನು" ಅಂದರು. ಅವಳು ನಕ್ಕಳು. ಅವಳ ಮುಂದಿನ ಹಲ್ಲು ಸ್ವಲ್ಪ ಮುರಿದಿದೆ ಅಂತ ನನಗೆ ಗೊತ್ತಾದದ್ದು ಆವತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನೊಂದು ಕೇಳಿದೆ. ಇಷ್ಟೆಲ್ಲ ಪ್ರೀತಿ ಇದ್ದ ಇಂಜಿನ್ನನ್ನು ಪ್ರಪಂಚ ಯಾಕೆ ಬಿಟ್ಟಿತು? ಅವರು ಮರೆಮಾಚಲಿಲ್ಲ. ಸ್ಟವ್ವಿನಲ್ಲಿ, ಅಂದರೆ ಜೆಟ್ ಇಂಜಿನ್ನಿನಲ್ಲಿ, ಸುತ್ತುವುದಷ್ಟೇ, ಹೋಗಿ ಬರುವ ಪಿಸ್ಟನ್ನಿಲ್ಲ, ಕೆಡುವುದು ಕಡಿಮೆ, ತೂಕಕ್ಕೆ ತಕ್ಕ ಶಕ್ತಿ ಜಾಸ್ತಿ. "ನಮ್ದು ಕಾಟ ಕೊಡ್ತಿತ್ತಮ್ಮ, ಸುಳ್ಳು ಯಾಕೆ." ಆಮೇಲೆ ಆ ಕಾಟವನ್ನೇ ಗುಬ್ಬಿಯಿಂದ ಕ್ಯಾತ್ಸಂದ್ರದವರೆಗೂ ವರ್ಣಿಸಿದರು. ನಾವು ಇಳಿಯಬೇಕಾದ ಸ್ಟಾಪು ದಾಟಿ ಹೋಗಿತ್ತು.

ರಾತ್ರಿ ನಿಂತ ಇಂಜಿನ್ನಿನಲ್ಲಿ ಎಣ್ಣೆ ಜಿನುಗಿ ಕೆಳಗಿನ ಸಿಲಿಂಡರುಗಳಿಗೆ ಇಳಿದು ಕೂರುತ್ತದೆ. ತಲೆಕೆಳಗಾಗಿ ನಿಂತ ಸಿಲಿಂಡರುಗಳಲ್ಲವೇ. ಬೆಳಗ್ಗೆ ಬಂದು ಏಕದಂ ಸ್ಟಾರ್ಟರ್ ಒತ್ತಿದರೆ, ಗಾಳಿಯ ಹಾಗೆ ಎಣ್ಣೆ ಕುಗ್ಗುವುದಿಲ್ಲ. ಪಿಸ್ಟನ್ನಿನ ರಾಡು ಸೊಟ್ಟಗಾಗುತ್ತದೆ. ಅದಕ್ಕೆ ಮೊದಲು ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಆಫ್ ಇದೆಯಾ ನೋಡಿ, ಪ್ರೊಪೆಲ್ಲರ್ ರೆಕ್ಕೆಯನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಸುತ್ತಿಸಬೇಕು, ಒಂದೊಂದೇ ರೆಕ್ಕೆ ಎಣಿಸುತ್ತ. ಎಲ್ಲಾದರೂ ತಡೆದರೆ ಬಲ ಹಾಕಬಾರದು. ಕೆಳಗಿನ ಪ್ಲಗ್ಗು ಬಿಚ್ಚಿ ಎಣ್ಣೆ ಇಳಿಸಬೇಕು. "ಕೈಗೆ ಗೊತ್ತಾಯ್ತದೆ ಕಣಮ್ಮ, ಯಾವನು ನೆನ್ಕೊಂಡು ಕೂತವ್ನೆ ಅಂತ." ಆಮೇಲೆ ಸ್ಟಾರ್ಟು. ಒಬ್ಬ ಕೆಮ್ಮುತ್ತಾನೆ. ಇನ್ನೊಬ್ಬ. ನೀಲಿ ಹೊಗೆ ಕಕ್ಕುತ್ತದೆ. ಕುಂಟುತ್ತ, ಮುಗ್ಗರಿಸುತ್ತ, ಕೊನೆಯವನು ಸೇರಿಕೊಂಡ ಗಳಿಗೆಗೆ ಇಡೀ ವಿಮಾನದ ಮೈ ಒಂದು ಸಲ ಅಲ್ಲಾಡಿ ಆಮೇಲೆ ಸಮ ಆಗುತ್ತದೆ. ಆ ಕೊನೆಯವನು ಸೇರಿಕೊಳ್ಳುವ ಸದ್ದಿಗೇ ಅವರು ಅಷ್ಟು ವರ್ಷ ಕೆಲಸಕ್ಕೆ ಹೋದದ್ದಂತೆ.

ನಾನು ಹದಿನಾರು ವರ್ಷದಿಂದ ಹಾಜರಿ ಹಾಕುತ್ತಿದ್ದೇನೆ. ಅಡಿಕೆ ಕಾಲ ಬಂತೆಂದರೆ ಕೆಲವು ಹೆಸರಿನ ಮುಂದೆ ಗೈರು ಅಂತ ಬರೆಯುವಾಗ ತಲೆಯೆತ್ತಿ ನೋಡುವುದೂ ಇಲ್ಲ. ತಿಂಗಳ ಕೊನೆಗೆ ಸರಾಸರಿ ತೆಗೆದು ಕಳಿಸುತ್ತೇವೆ. 80ಕ್ಕಿಂತ ಮೇಲಿದ್ದರೆ ಮೇಲಿನವರೂ ಸಂತೋಷ, ನಾವೂ ಸಂತೋಷ. ಅವರಪ್ಪನನ್ನು ಬೈಯುವುದು ಸುಲಭ, ಸ್ಟಾಫ್ ರೂಮಿನಲ್ಲಿ ದಿನಾ ಬೈಯುತ್ತೇವೆ. ಆಮೇಲೆ ಅದೇ ಸ್ಟಾಫ್ ರೂಮಿನಲ್ಲಿ ಈ ಸಲ ಅಡಿಕೆ ರೇಟು ಎಷ್ಟಾಯಿತು ಅಂತ ಮಾತಾಡುತ್ತೇವೆ. ನಮ್ಮ ಪೈಕಿ ಇಬ್ಬರಿಗೆ ತೋಟ ಇದೆ, ನಮ್ಮ ಮಾವನವರಿಗೂ ಇದೆ. ಅಲ್ಲಿ ಸುಲಿಯಲು ಬರುವವರ ಜೊತೆ ಬರುವ ಮಕ್ಕಳು ಎಷ್ಟನೇ ಕ್ಲಾಸು ಅಂತ ನಾನು ಯಾವತ್ತಾದರೂ ಕೇಳಿದ್ದೇನಾ? ಅಕ್ಕರೆಯಿಂದ ಕಾಫಿ ಕೊಟ್ಟಿದ್ದೇನೆ, ಲೋಟಕ್ಕೆ.

ಸೋಮವಾರ ಊಟದ ಬಿಡುವಿನಲ್ಲಿ ಹೊಂಗೆ ಮರದ ಕೆಳಗೆ ಮತ್ತೆ ಡಬ್ ಡಬ್ ಕೇಳಿಸಿತು. ಕಿಟಕಿಯಿಂದ ನೋಡಿದೆ. ಎಂಟು ಜನ ಇದ್ದರು, ಜಗಳವಾಡುತ್ತಿದ್ದರು. ಒಂಬತ್ತನೇ ಗುರುತಿಗೆ ಏಳನೇ ಕ್ಲಾಸಿನ ಹುಡುಗನನ್ನು ಎಳೆದುತಂದರೆ, "ಅದು ಅವಳ ಜಾಗ ಕಣೋ" ಎಂದು ಯಾರೋ ನೂಕಿದರು. ಮಂಗಳವಾರವೂ ಬರಲಿಲ್ಲ. ಸಂಜೆ ಅವರ ಹಟ್ಟಿಗೆ ಹೋದೆ, ಬೀಗ ಹಾಕಿತ್ತು. ಪಕ್ಕದ ಮನೆಯವರು, ಚೇಣಿ (ಅಡಿಕೆ ಫಸಲಿನ ಗುತ್ತಿಗೆ) ಹಿಡಿದವರ ಜೊತೆ ಚಿಕ್ಕನಾಯಕನಹಳ್ಳಿ ಕಡೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಅಂದರು.

ನಿನ್ನೆ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ತಾತನ ಫೋನು. ಹೆಡ್‌ಮಾಸ್ಟರು ಎದುರಿಗೇ ಇದ್ದರು, ಹಾಜರಾತಿಯ ತಃಖ್ತೆ ತುಂಬುತ್ತ.

"ಏನಮ್ಮ, ಒಂಬತ್ತನೇ ಸಿಲಿಂಡರು ಬಂತಾ?"

"ಇಲ್ಲ ಸಾರ್" ಅಂದೆ ಮೆಲ್ಲಗೆ.

"ಏನು?"

"ಬಂದಿಲ್ಲ ಸಾರ್."

"ಗಟ್ಟಿಯಾಗಿ ಹೇಳಮ್ಮ."

ಎದ್ದು ನಿಂತು ಕೂಗಿದೆ.