ಹಿಮದೂರಲ್ಲಿ ನೀರು ಕಾಯೋ ಕೆಲಸ

ಅಕ್ಟೋಬರ್ ಕೊನೇ ವಾರ ಬಂತು ಅಂದ್ರೆ ನಾನು ಮಾಡೋ ಮೊದಲ್ನೇ ಕೆಲಸ, ಮನೆ ದಾರಿಯ ಎರಡೂ ಅಂಚಿಗೆ ಕೋಲು ನೆಡೋದು. ನಾಲ್ಕಡಿ ಉದ್ದದ ಕಿತ್ತಳೆ ಬಣ್ಣದ ಫೈಬರ್ ಕೋಲು, ತುದೀಲಿ ಬೆಳಕು ಬಿದ್ರೆ ಹೊಳೆಯೋ ಪಟ್ಟಿ. ನವೆಂಬರ್ ದಾಟಿದ್ರೆ ನೆಲ ಕಲ್ಲಾಗಿಬಿಡತ್ತೆ, ಆಮೇಲೆ ಸುತ್ತಿಗೇಲಿ ಹೊಡೆದ್ರೂ ಇಳಿಯಲ್ಲ. ಜನವರೀಲಿ ನಿಂತು ನೋಡಿದ್ರೆ ದಾರಿ ಯಾವ್ದು ಚರಂಡಿ ಯಾವ್ದು ಹುಲ್ಲುಗಾವಲು ಯಾವ್ದು ಒಂದೂ ಗೊತ್ತಾಗಲ್ಲ, ಎಲ್ಲಾ ಒಂದೇ ಬಿಳಿ, ಬೆಳಗಿನ ಜಾವ ಕತ್ತಲಲ್ಲಿ ಹಿಮ ತಳ್ಳೋಕೆ ಬರೋ ಟ್ರಕ್ಕಿನವನಿಗೆ ಆ ಕೋಲುಗಳೇ ಕಣ್ಣು.

ನಾವಿರೋದು ಅಮೆರಿಕದ ವರ್ಮಾಂಟ್ ರಾಜ್ಯದ ಈಶಾನ್ಯ ಮೂಲೇಲಿ. ಈ ಸೀಮೆಗೆ ನಾರ್ತ್‌ಈಸ್ಟ್ ಕಿಂಗ್‌ಡಮ್ ಅಂತಾರೆ, ಸೇಂಟ್ ಜಾನ್ಸ್‌ಬರಿ ಪೇಟೆಯಿಂದ ಅರ್ಧ ಗಂಟೆ, ಇನ್ನೂ ಮೇಲೆ ಹೋದ್ರೆ ಕೆನಡಾ ಗಡಿ. ಗಂಡನಿಗೆ ಆಸ್ಪತ್ರೇಲಿ ಕೆಲಸ, ವಾರದಲ್ಲಿ ಮೂರು ರಾತ್ರಿ ಡ್ಯೂಟಿ, ನಾನು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡೋಳು, ಹಂಗಾಗಿ ಎಂಟೆಕರೆ ಜಾಗ ಮತ್ತೆ ನೂರು ವರ್ಷ ದಾಟಿದ ಮರದ ಮನೆಯ ಉಸ್ತುವಾರಿ ಹೆಚ್ಚುಕಮ್ಮಿ ನಂದೇ. ಈ ರಾಜ್ಯದ ಅರ್ಧಕ್ಕಿಂತ ಜಾಸ್ತಿ ರಸ್ತೆಗಳಿಗೆ ಇವತ್ತಿಗೂ ಟಾರಿಲ್ಲ, ನಮ್ಮದೂ ಜಲ್ಲಿ ರಸ್ತೆ. ಇದು ಐದನೇ ಚಳಿಗಾಲ.

ತೀರ್ಥಹಳ್ಳಿ ಕಡೆ ಮನೇಲಿರೋ ಅಮ್ಮ ಪ್ರತಿ ಭಾನುವಾರ ಫೋನಲ್ಲಿ ಕೇಳ್ತಾರೆ, ‘ಚಳಿ ಹ್ಯಾಗೆ ತಡ್ಕೋತೀಯೇ?’ ಅಂತ. ಅಮ್ಮಂಗೂ ಹೇಳೋದು, ನಿಮಗೂ ಹೇಳೋದು ಒಂದೇ: ಮೈಗಾಗೋ ಚಳಿ ದೊಡ್ಡ ವಿಷಯವೇ ಅಲ್ಲ. ಒಳ್ಳೆ ಉಣ್ಣೆ ಬಟ್ಟೆ, ಒಳ್ಳೆ ಬೂಟು ಇದ್ರೆ ಮೈನಸ್ 20ರಲ್ಲೂ ಓಡಾಡಬಹುದು. ಇಲ್ಲಿ ವರ್ಷಪೂರ್ತಿ ಯೋಚನೆ ಇರೋದು ನೀರಿನ ಮೇಲೆ, ಹರೀಬೇಕಾದ ಕಡೆ ಅದು ಹೆಪ್ಪುಗಟ್ಟಬಾರದು, ಹೆಪ್ಪುಗಟ್ಟಿ ಕೂತಿರಬೇಕಾದ ಕಡೆ ಕರಗಬಾರದು, ಅಷ್ಟೇ, ಮಾಡೋ ಕೆಲಸ ಎಲ್ಲಾ ಈ ಎರಡರಲ್ಲೇ ಬರತ್ತೆ.

ಇದು ನಂಗೆ ಗೊತ್ತಾಗಿದ್ದು ಮೊದಲ್ನೇ ಜನವರೀಲಿ. ಆವತ್ತು ರಾತ್ರಿ ಮೈನಸ್ 29, ಗಾಳಿ ಬೇರೆ. ಬೆಳಿಗ್ಗೆ ಎದ್ದು ಅಡಿಗೆಮನೆ ನಲ್ಲಿ ತಿರುಗಿಸಿದ್ರೆ ಒಂದು ಸಲ ಗೊಳಕ್ ಅಂತು, ಒಂದು ಹನಿ ಬಂತು, ನಿಂತೋಯ್ತು. ಸಿಂಕ್ ಇರೋದು ಉತ್ತರದ ಗೋಡೆಗೆ. ಕೆಳಗಿನ ಕಪಾಟು ತೆಗೆದು ತಾಮ್ರದ ಪೈಪ್ ಮುಟ್ಟಿದ್ರೆ ಬೆರಳು ಅಂಟಿಕೊಳ್ತು. ನಲ್ಲಿ ತೆರೆದಿಟ್ಟು, ಕೂದಲು ಒಣಗಿಸೋ ಡ್ರೈಯರ್ ಹಿಡ್ಕೊಂಡು, ನಲ್ಲಿ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹಿಂದಕ್ಕೆ ಬಿಸಿ ಮಾಡ್ಕೊಂಡು ಹೋದೆ, ಹಂಗೇ ಮಾಡ್ಬೇಕು, ಮಧ್ಯದಲ್ಲಿ ಬಿಸಿ ಮಾಡಿದ್ರೆ ಕರಗಿದ ನೀರಿಗೆ ಹೊರಗೆ ಬರೋ ದಾರಿ ಇರಲ್ಲ. ಮುಕ್ಕಾಲು ಗಂಟೆ ಆದ್ಮೇಲೆ ಒಳಗಿಂದ ಏನೋ ಜಾರಿದಂಗೆ ಸದ್ದಾಯ್ತು, ಖುಷಿ ಆಯ್ತು, ಅಷ್ಟರಲ್ಲಿ ಪೈಪಿನ ಬೆನ್ನಿಂದ ಸೂಜಿಯಂಥ ನೀರಿನ ಎಳೆ ಸುಯ್ ಅಂತ ನನ್ನ ಮುಖಕ್ಕೇ ಹೊಡೀತು. ನೀರು ಮಂಜುಗಡ್ಡೆ ಆಗುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗತ್ತೆ, ತಾಮ್ರವನ್ನ ಸೀಳೋಕೆ ಅಷ್ಟು ಸಾಕು. ಸೀಳು ಒಂದು ಭತ್ತದ ಕಾಳಿನಷ್ಟು ಇತ್ತು. ಗಟ್ಟಿಯಾಗಿರೋವರೆಗೆ ಮಂಜೇ ಬಿರಡೆ ಥರ ಮುಚ್ಚಿಕೊಂಡಿರತ್ತೆ, ಕರಗಿದಾಗಲೇ ಒಡೆದಿದ್ದು ಗೊತ್ತಾಗೋದು.

ಮೇನ್ ವಾಲ್ವ್ ಎಲ್ಲಿದೆ ಅಂತ ಆ ಹೊತ್ತಲ್ಲಿ ಹುಡುಕಬೇಕಾಯ್ತು. ಟಾರ್ಚ್ ಹಿಡ್ಕೊಂಡು ನೆಲಮಾಳಿಗೆ ಪೂರ್ತಿ ಸುತ್ತಿ, ಪ್ರೆಶರ್ ಟ್ಯಾಂಕ್ ಹಿಂದೆ ಸಿಕ್ಕೋ ಹೊತ್ತಿಗೆ ಅಡಿಗೆಮನೆ ಹಲಗೆ ನೆಲ ಕೆರೆ ಆಗಿತ್ತು. ಈಗ ಆ ವಾಲ್ವಿಗೆ ಒಂದು ಕೆಂಪು ಬಟ್ಟೆ ಕಟ್ಟಿದೀನಿ. ಪ್ಲಂಬರ್ ಬಂದಿದ್ದು ಮೂರು ದಿನ ಬಿಟ್ಟು, ಆ ವಾರ ಸುತ್ತಮುತ್ತ ಎಷ್ಟೋ ಮನೇಲಿ ಇದೇ ಕಥೆ. ಅವನು ಬಂದವನು ಪೈಪ್ ನೋಡೋಕಿಂತ ಮುಂಚೆ ಒಂದು ಊದುಬತ್ತಿ ಕೇಳಿದ, ದೇವರ ಮುಂದಿಂದ ತಂದುಕೊಟ್ಟೆ, ಅದನ್ನ ಹಚ್ಚಿ ಗೋಡೆ ಬುಡದುದ್ದಕ್ಕೂ ಹಿಡ್ಕೊಂಡು ಹೋದ, ಒಂದು ಕಡೆ ಹೊಗೆ ಪಟ್ಟನೆ ಅಡ್ಡ ಬಾಗ್ತು. ಬೆರಳು ತೂರದಷ್ಟು ಸಣ್ಣ ಬಿರುಕು. ಪೈಪ್ ಕಟ್ಟಿಸಿದ್ದು ಆ ಬಿರುಕಿಂದ ನೇರ ಬೀಸೋ ಗಾಳಿ ಅಂದ. ಬಿರುಕಿಗೆ ಫೋಮ್ ಹೊಡೆದು, ತಾಮ್ರ ತೆಗೆದು ಪೆಕ್ಸ್ ಅನ್ನೋ ಪ್ಲಾಸ್ಟಿಕ್ ಪೈಪ್ ಹಾಕಿದ, ಅದು ಸ್ವಲ್ಪ ಹಿಗ್ಗತ್ತೆ, ತಾಮ್ರದಷ್ಟು ಬೇಗ ಸೀಳಲ್ಲ. ಈಗ್ಲೂ ಮೈನಸ್ 20 ದಾಟೋ ರಾತ್ರಿ ಸಿಂಕ್ ಕೆಳಗಿನ ಬಾಗಿಲು ತೆಗೆದಿಟ್ಟು ನಲ್ಲೀಲಿ ಸಣ್ಣ ಧಾರೆ ಬಿಟ್ಟೇ ಮಲಗೋದು. ಆ ಸದ್ದು ಕೇಳ್ತಿದ್ರೆ ನಂಗೆ ನಿದ್ದೆ ಬರತ್ತೆ, ನಿಂತರೆ ಎಚ್ಚರ ಆಗತ್ತೆ.

ಹೊರಗಿನ ನೀರಿನ ಲೆಕ್ಕ ಬೇರೆ. ಬೋರ್‌ವೆಲ್‌ನಿಂದ ಮನೆಗೆ ಬರೋ ಪೈಪನ್ನ ಇಲ್ಲಿ ಐದಡಿ ಆಳದಲ್ಲಿ ಹೂಳ್ತಾರೆ, ನೆಲ ಅಷ್ಟು ಆಳದವರೆಗೂ ಹೆಪ್ಪುಗಟ್ಟಬಹುದು ಅಂತ. ಇದರಲ್ಲಿ ನಂಗೆ ತುಂಬ ಇಷ್ಟವಾದ ವಿಷಯ ಒಂದಿದೆ, ಹಿಮ ನೆಲಕ್ಕೆ ಕಂಬಳಿ. ಒಂದೆರಡಡಿ ಪುಡಿ ಹಿಮ ಹೊದ್ದ ನೆಲ ಒಳಗೆ ಬೆಚ್ಚಗಿರತ್ತೆ, ನಾವು ಹಿಮ ತೆಗೆದು ಸ್ವಚ್ಛ ಮಾಡಿದ ದಾರಿ ಕೆಳಗೇ ಚಳಿ ಆಳಕ್ಕೆ ಇಳಿಯೋದು. ಅದಕ್ಕೇ ಸೆಪ್ಟಿಕ್ ಟ್ಯಾಂಕ್ ಮೇಲೆ, ಅದರ ನೀರು ಇಂಗೋ ಜಾಗದ ಮೇಲೆ ಯಾರನ್ನೂ ನಡೆಯೋಕೆ ಬಿಡಲ್ಲ, ತುಳಿದ್ರೆ ಹಿಮ ಗಟ್ಟಿಯಾಗಿ ಅದರೊಳಗಿನ ಗಾಳಿ ಹೋಗತ್ತೆ, ಕಂಬಳಿ ತೆಳ್ಳಗಾಗತ್ತೆ. ನವೆಂಬರಲ್ಲೇ ಅಲ್ಲಿ ಒಣಹುಲ್ಲು ಹರಡ್ತೀನಿ. ಮನೆ ತಳಪಾಯದ ಸುತ್ತ ಬಾಲ್ಸಮ್ ಫರ್ ಮರದ ಸೊಪ್ಪಿನ ಕೊಂಬೆ ಒತ್ತಾಗಿ ಪೇರಿಸ್ತೀವಿ, ಇಲ್ಲಿನ ಹಳಬರ ಪದ್ಧತಿ ಅದು, ಹಿಮ ಅದರ ಮೇಲೆ ಕೂತು ಗಾಳಿ ತಡೆಯತ್ತೆ. ಅಮ್ಮಂಗೆ ಇದರ ಫೋಟೋ ಕಳಿಸಿದ ದಿನ ಅವರಿಗೆ ಪೂರ್ತಿ ಅರ್ಥ ಆಯ್ತು. ‘ಓ, ನಾವು ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ಟಲ್ವಾ, ಹಂಗೆ’ ಅಂದ್ರು. ಹಂಗೇ. ಅಡಿಕೆ ಸೋಗೆ ಇದ್ದ ಜಾಗಕ್ಕೆ ಫರ್ ಕೊಂಬೆ.

ಕಟ್ಟಿಗೆ ವಿಷಯಕ್ಕೆ ಬಂದ್ರೆ ನಾನು ನಿಲ್ಸಲ್ಲ, ಸ್ವಲ್ಪ ತಾಳ್ಮೆ ಇರ್ಲಿ. ಇಲ್ಲಿ ಕಟ್ಟಿಗೆ ಅಳತೆ ಕಾರ್ಡ್, ನಾಲ್ಕಡಿ ಅಗಲ ನಾಲ್ಕಡಿ ಎತ್ತರ ಎಂಟಡಿ ಉದ್ದದ ಒಟ್ಟು, 128 ಘನ ಅಡಿ. ನಮಗೆ ಒಂದು ಚಳಿಗಾಲಕ್ಕೆ ಐದು ಕಾರ್ಡ್ ಬೇಕು. ಶುಗರ್ ಮೇಪಲ್, ಬೀಚ್, ಹಳದಿ ಬರ್ಚ್, ಆಶ್. ಆಶ್ ಮರ ಈಗ ಕಷ್ಟದಲ್ಲಿದೆ, ಎಮರಾಲ್ಡ್ ಆಶ್ ಬೋರರ್ ಅನ್ನೋ ಹಸಿರು ಹುಳ 2018ರಲ್ಲಿ ಈ ರಾಜ್ಯದಲ್ಲಿ ಮೊದಲ ಸಲ ಸಿಕ್ತು, ತೊಗಟೆ ಕೆಳಗೆ ತಿಂದು ಮರಾನೇ ಸಾಯಿಸತ್ತೆ, ಅದಕ್ಕೇ ಕಟ್ಟಿಗೇನ ದೂರದಿಂದ ತರಬೇಡಿ, ಅಲ್ಲಲ್ಲೇ ಸುಡಿ ಅಂತ ಎಲ್ಲರೂ ಹೇಳ್ತಾರೆ. ಕಟ್ಟಿಗೇಲೂ ವಿಷಯ ಮತ್ತೆ ನೀರೇ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರಿರತ್ತೆ, ಅದು ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗೆ ಇಳಿದ ಮೇಲೇ ಒಲೆಗೆ ಹಾಕಬೇಕು. ಹಸೀದು ಹಾಕಿದ್ರೆ ಬೆಂಕಿಯ ಶಾಖ ಎಲ್ಲಾ ಆ ನೀರು ಕುದಿಸೋದಕ್ಕೇ ಹೋಗತ್ತೆ, ಹೊಗೆ ತಣ್ಣಗಾಗಿ ಚಿಮಣಿ ಒಳಗೆ ಕ್ರಿಯೋಸೋಟ್ ಅನ್ನೋ ಡಾಂಬರಿನಂಥ ಪದರ ಕೂರತ್ತೆ, ಒಂದಿನ ಅದಕ್ಕೇ ಬೆಂಕಿ ಹತ್ಕೊಂಡ್ರೆ ಮನೆ ಉಳಿಯಲ್ಲ. ಮೀಟರ್ ಇದೆ ನಮ್ಮತ್ರ, ಆದ್ರೂ ನಾನು ಎರಡು ತುಂಡು ಒಂದಕ್ಕೊಂದು ಬಡಿದು ನೋಡ್ತೀನಿ. ಒಣಗಿದ್ರೆ ಟಣ್ ಅನ್ನತ್ತೆ, ಹಸಿ ಇದ್ರೆ ದಬ್ ಅನ್ನತ್ತೆ. ಇದನ್ನ ಇಲ್ಲಿ ಯಾರೂ ಹೇಳಿಕೊಡಲಿಲ್ಲ, ಅಜ್ಜಿ ಬಚ್ಚಲ ಒಲೆ ಮುಂದೆ ಕೂತು ಹಂಗೇ ಮಾಡ್ತಿದ್ರು.

ಬೂದಿ ವಿಷಯದಲ್ಲಿ ಮಾತ್ರ ಊರಿನ ಅಭ್ಯಾಸ ಬಿಡಬೇಕಾಯ್ತು. ಊರಲ್ಲಿ ಬೂದಿ ಬಾಚಿ ಬುಟ್ಟೀಲಿ ತುಂಬಿ ತೋಟಕ್ಕೆ ಹಾಕಿ ಬರೋದು. ಇಲ್ಲಿ ಮುಚ್ಚಳ ಇರೋ ಕಬ್ಬಿಣದ ಬಕೆಟ್ಟೇ ಆಗ್ಬೇಕು, ಅದನ್ನೂ ಮರದ ಜಗಲಿ ಮೇಲೆ ಇಡೋಹಾಗಿಲ್ಲ, ಬೂದಿ ಒಳಗೆ ಕೆಂಡ ಮೂರ್ನಾಲ್ಕು ದಿನ ಜೀವ ಹಿಡ್ಕೊಂಡಿರತ್ತೆ. ಪೂರ್ತಿ ಆರಿದ ಮೇಲೆ ಅದೇ ಬೂದಿ ಅಂಗಳದ ಮಂಜಿನ ಮೇಲೆ ಚೆಲ್ತೀನಿ, ಕಾಲು ಜಾರಲ್ಲ. ಉಪ್ಪು ಮೈನಸ್ ಹತ್ತರ ಕೆಳಗೆ ಸರಿಯಾಗಿ ಕೆಲಸ ಮಾಡಲ್ಲ, ಬೋರ್‌ವೆಲ್ ನೀರಿಗೂ ಒಳ್ಳೇದಲ್ಲ. ಮರಳು, ಬೂದಿ ಇವೆರಡೇ.

ಹಿಮ ಬಿದ್ದ ಬೆಳಿಗ್ಗೆ ಬಾಗಿಲು ತೆಗೆದವಳು ಮೊದಲು ಹೋಗೋದು ಕಾರಿನ ಹತ್ರ ಅಲ್ಲ, ಮನೆಯ ಪೂರ್ವದ ಗೋಡೆ ಹತ್ರ, ಪ್ರೊಪೇನ್ ಹೀಟರಿನ ಹೊಗೆ ಕೊಳವೆ ಅಲ್ಲಿದೆ, ಗಾಳಿಗೆ ಹಿಮ ರಾಶಿ ಬಿದ್ದು ಅದು ಮುಚ್ಚಿದ್ರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ತುಂಬತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ. ಇಲ್ಲಿಗೆ ಹೊಸದಾಗಿ ಬರೋ ನಮ್ಮವರಿಗೆಲ್ಲಾ ನಾನು ಕೈ ಹಿಡಿದು ಹೇಳೋದು ಇದೊಂದನ್ನ, ಪ್ರತಿ ಮಹಡಿಗೂ ಅಲಾರಂ ಹಾಕಿ, ಕೊಳವೆ ಬಾಯಿ ಮೊದಲು ಬಿಡಿಸಿ, ಆಮೇಲೆ ಕಾಫಿ.

ಹಿಮ ತಳ್ಳೋದ್ರಲ್ಲಿ ಒಂದು ಗುಟ್ಟಿದೆ, ಪಕ್ಕದ ತೋಟದ ಎಪ್ಪತ್ತು ದಾಟಿದ ಹಿರಿಯರು ಹೇಳಿಕೊಟ್ಟಿದ್ದು. ಡಿಸೆಂಬರಲ್ಲಿ ದಾರಿಯನ್ನ ಬೇಕಾದ್ದಕ್ಕಿಂತ ಎರಡರಷ್ಟು ಅಗಲ ಬಿಡಿಸಬೇಕು. ಅಂಚಿಗೆ ತಳ್ಳಿದ ಹಿಮ ರಾತ್ರಿ ಕಳೆಯೋದ್ರೊಳಗೆ ಗೋಡೆ ಥರ ಗಟ್ಟಿಯಾಗತ್ತೆ, ಮುಂದಿನ ಹಿಮ ಆ ಗೋಡೆ ಈಚೆಗೇ ಬೀಳಬೇಕು, ಹಂಗೇ ಹತ್ತಿಪ್ಪತ್ತು ಸಲ ಆದ್ರೆ ಫೆಬ್ರವರಿ ಹೊತ್ತಿಗೆ ಕಾರು ತೂರದಷ್ಟು ದಾರಿ ಕಿರಿದಾಗತ್ತೆ. ಜಾಗ ಮೊದಲೇ ಮಾಡಿಡಬೇಕು. ಚಾವಣಿಗೂ ಉದ್ದ ಹಿಡಿಕೆಯ ಕುಂಟೆ ಇದೆ, ನೆಲದ ಮೇಲೇ ನಿಂತು ಸೂರಿನ ಅಂಚಿಂದ ನಾಲ್ಕಡಿ ಮೇಲಿನವರೆಗೆ ಹಿಮ ಎಳೀಬೇಕು. ಇಲ್ಲಾಂದ್ರೆ ಮನೆ ಬಿಸಿ ಅಟ್ಟಕ್ಕೆ ಸೋರಿ ಮೇಲಿನ ಹಿಮ ತಳದಿಂದ ಕರಗತ್ತೆ, ನೀರು ಇಳಿದು ತಣ್ಣಗಿರೋ ಅಂಚಿಗೆ ಬಂದು ಮತ್ತೆ ಗಟ್ಟಿಯಾಗಿ ಒಡ್ಡು ಕಟ್ಟತ್ತೆ, ಹಿಂದೆ ನಿಂತ ನೀರು ಹಲಗೆ ಸಂದಿಂದ ಒಳಗೆ. ಸೂರಿಂದ ಇಳಿಬಿದ್ದ ಮಂಜಿನ ಕೋಲುಗಳ ಫೋಟೋ ನೋಡಿ ಊರಿನ ಗ್ರೂಪಲ್ಲಿ ಎಲ್ಲಾ ಚಂದ ಅಂತೀರಲ್ಲ, ಅದು ಕಂಡ್ರೆ ನಮಗೆ ಅಟ್ಟದಲ್ಲಿ ಬಿಸಿ ಸೋರ್ತಿದೆ ಅಂತ ಲೆಕ್ಕ. ಎರಡನೇ ವರ್ಷ ಅಟ್ಟಕ್ಕೆ ಬಿಸಿ ಸೋರದಂಗೆ ತಡೆಯೋ ಸೆಲ್ಯುಲೋಸ್ ತುಂಬಿಸಿದ್ವಿ, ಆಮೇಲೆ ತುಂಬ ಕಮ್ಮಿ ಆಯ್ತು.

2022ರ ಡಿಸೆಂಬರ್ 23ಕ್ಕೆ ಬಿರುಗಾಳಿ ಬಂದು ರಾಜ್ಯದ ತುಂಬ ಕರೆಂಟ್ ಹೋದಾಗ ನಮ್ಮಲ್ಲಿ ಬಂದಿದ್ದು ಮೂರನೇ ದಿನಕ್ಕೆ. ಕರೆಂಟಿಲ್ಲ ಅಂದ್ರೆ ಬೋರ್ ಇಲ್ಲ, ನೀರಿಲ್ಲ. ಬಿರುಗಾಳಿ ಸುದ್ದಿ ಬಂದ ತಕ್ಷಣ ಬಾತ್‌ಟಬ್ ತುಂಬಿಸಿಟ್ಟಿದ್ದೆ, ಅದರಿಂದ ಬಕೆಟ್ಟಲ್ಲಿ ಟಾಯ್ಲೆಟ್ಟಿಗೆ, ಕುಡಿಯೋಕೆ ಕ್ಯಾನು. ಅನ್ನ ಸಾರು ಕಟ್ಟಿಗೆ ಒಲೆ ಮೇಲೇ ಆಯ್ತು. ಆ ಮೂರು ದಿನ ದಿನಕ್ಕೆರಡು ಸಲ ಹಿರಿಯರ ಮನೆಗೆ ಹೋಗಿ ಬರ್ತಿದ್ದೆ, ಅವರೂ ನಮ್ಮ ಚಿಮಣೀಲಿ ಹೊಗೆ ಇದೆಯಾ ಅಂತ ಬೆಳಿಗ್ಗೆ ಕಿಟಕೀಲಿ ನೋಡ್ತಿದ್ರಂತೆ. ಇಲ್ಲಿ ಹತ್ತಿರದ ಮನೆ ಅಂದ್ರೆ ಕಾಲು ಮೈಲಿ, ಆದ್ರೂ ಹೊಗೆ ಕಾಣದಿದ್ರೆ ಯಾರಾದ್ರೂ ಬಂದೇ ಬರ್ತಾರೆ. ಮರುವರ್ಷ ಡಿಸೆಂಬರ್ 18ಕ್ಕೆ ಇನ್ನೊಂದು ಥರ, ಹಿಮದ ಮೇಲೆ ಬಿಸಿ ಗಾಳಿ, ಜೋರು ಮಳೆ, ಎಲ್ಲಾ ಒಟ್ಟಿಗೇ ಕರಗಿ ಹೊಳೆಗಳು ಉಕ್ಕಿದ್ವು. ಅದೇ ವರ್ಷ ಜುಲೈನಲ್ಲಿ ರಾಜಧಾನಿ ಮಾಂಟ್‌ಪೀಲಿಯರ್ ಪೇಟೆ ಮುಳುಗಿತ್ತು, ಜನ ಇನ್ನೂ ಅಂಗಡಿ ಸರಿಮಾಡ್ಕೊಂಡು ಮುಗಿಸಿರಲಿಲ್ಲ. ಡಿಸೆಂಬರಲ್ಲಿ ಆ ಥರ ಮಳೆ ನೋಡಿದ್ರೆ ಹೊಟ್ಟೇಲಿ ಸಂಕಟ ಆಗತ್ತೆ.

ಮಾರ್ಚ್ ಬಂದ್ರೆ ರಾತ್ರಿ ಸೊನ್ನೆ ಕೆಳಗೆ, ಹಗಲು ಸೊನ್ನೆ ಮೇಲೆ, ಮೇಪಲ್ ಮರದಲ್ಲಿ ರಸ ಏರೋದು ಆಗಲೇ. ನೋಡೋಕೆ ತಿಳಿನೀರು, ನಾಲಿಗೆಗೂ ನೀರೇ, ನುಂಗಿದ ಮೇಲೆ ಎಲ್ಲೋ ಒಂಚೂರು ಸಿಹಿ. ನಲವತ್ತು ಗ್ಯಾಲನ್ ರಸ ಕುದಿಸಿದ್ರೆ ಒಂದು ಗ್ಯಾಲನ್ ಸಿರಪ್. ಹಿರಿಯರ ಮನೆ ಶುಗರ್‌ಹೌಸ್‌ನಲ್ಲಿ ಅಗಲವಾದ ಬಾಣಲೆ ಥರದ ಪಾತ್ರೆ, ಕೆಳಗೆ ಕಟ್ಟಿಗೆ ಬೆಂಕಿ, ಮಾಡಿನ ಕಿಂಡಿಯಿಂದ ಆವಿ ಮೋಡದಂಗೆ ಏಳ್ತಿರತ್ತೆ, ರಾತ್ರಿ ಹನ್ನೊಂದರವರೆಗೂ ಅಕ್ಕಪಕ್ಕದವರೆಲ್ಲ ಬೆಂಚ್ ಮೇಲೆ ಕೂತು ಮಾತು. ನಮ್ಮೂರ ಆಲೆಮನೆ ನೋಡಿದವರಿಗೆ ಹೆಚ್ಚು ಹೇಳೋದು ಬೇಡ. ಮೊದಲ ವರ್ಷ ಬಿಸಿ ಸಿರಪ್ ಒಂದು ಚಮಚ ಬಾಯಿಗೆ ಹಾಕಿದಾಗ ಜೋನಿ ಬೆಲ್ಲ ನೆನಪಾಗಿ ಕಣ್ಣು ತುಂಬ್ತು. ಈಗ ನೀರುದೋಸೆಗೆ ಅದೇ.

ಆಮೇಲೆ ಕೆಸರಿನ ಕಾಲ. ಮೇಲಿನ ಮಣ್ಣು ಕರಗಿರತ್ತೆ ಕೆಳಗಿಂದು ಇನ್ನೂ ಗಟ್ಟಿ, ನೀರು ಇಂಗೋಕೆ ಜಾಗ ಇಲ್ಲ, ಜಲ್ಲಿ ರಸ್ತೆ ನಟ್ಟಿ ಮಾಡೋ ಗದ್ದೆ ಥರ ಆಗತ್ತೆ. ಈಗ ಅದೇ ನಡೀತಿರೋದು, ಭಾರದ ಲಾರಿಗೆ ಪ್ರವೇಶ ಇಲ್ಲ ಅಂತ ಬೋರ್ಡ್ ಹಾಕಿದಾರೆ, ನಾವು ಕಾರನ್ನ ಟಾರ್ ರಸ್ತೆ ಹತ್ರ ಬಿಟ್ಟು ಗಂಬೂಟಲ್ಲಿ ನಡ್ಕೊಂಡು ಬರ್ತಿದೀವಿ. ಮುಂದಿನ ಚಳಿಗಾಲದ ಕಟ್ಟಿಗೆ ಈಗಲೇ ಬಂದು ಬೇಸಿಗೆ ಪೂರ್ತಿ ಬಿಸಿಲಿಗೆ ಒಣಗಬೇಕು, ಆದ್ರೆ ರಸ್ತೆ ಆರೋವರೆಗೆ ಲಾರಿ ತರಲ್ಲ ಅಂದಿದಾನೆ ಕಟ್ಟಿಗೆಯವನು, ಮೇ ಎರಡನೇ ವಾರ ನೋಡೋಣ ಅಂದ. ಅಮ್ಮ ನಿನ್ನೆ ಫೋನಲ್ಲಿ ಹೇಳಿದ್ರು, ಮಳೆಗಾಲದ ಸೌದೆ ಎಲ್ಲಾ ಒಡೆಸಿ ಕೊಟ್ಟಿಗೆ ಸೇರಿಸಿ ಆಯ್ತಂತೆ, ಹಂಚು ಕೈಯಾಡಿಸೋನು ಮಾತ್ರ ಇನ್ನೂ ಬಂದಿಲ್ವಂತೆ.