ಹೊಸ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಹ್ಯಾಂಗ್ ಆದಾಗ

ಲ್ಯಾಪ್‌ಟಾಪ್ ಕೊಂಡು ಇನ್ನೂ ವಾರ ತುಂಬಿಲ್ಲ. ವಿಂಡೋಸ್ 11, 8 ಜಿಬಿ ರ‍್ಯಾಮ್, 512 ಜಿಬಿ ಎಸ್ಎಸ್‌ಡಿ. ವರ್ಡ್, ಎಕ್ಸೆಲ್ ಎಲ್ಲ ಸರಾಗ. ಬ್ರೌಸರ್ ತೆರೆದು ಒಂದು ಟ್ಯಾಬಿನಲ್ಲಿ ವಿಡಿಯೊ ಹಚ್ಚಿ, ಇನ್ನೊಂದರಲ್ಲಿ ಪುಟ ಸರಿಸುತ್ತಾ ಹೋದರೆ ಮಾತ್ರ ಸ್ವಲ್ಪ ಹೊತ್ತಿಗೆ ಕಿಟಕಿ ಬಿಳಿಚಿಕೊಂಡು, ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದೆ. ಮೌಸಿನ ಬಾಣ ಓಡಾಡುತ್ತದೆ, ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ.

ಇಂಥ ಯಂತ್ರ ತಿಳಿದವರ ಕೈಗೆ ಬರುವಷ್ಟರಲ್ಲಿ ಎರಡು ಕೆಲಸ ಮುಗಿದೇ ಇರುತ್ತವೆ. ಒಂದು, ಬ್ರೌಸರನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿರುತ್ತಾರೆ. ಇನ್ನೊಂದು, ಯಾರದೋ ಮಾತು ಕೇಳಿ ಇಡೀ ಯಂತ್ರವನ್ನೇ ರಿಸೆಟ್ ಮಾಡಿರುತ್ತಾರೆ. ಎರಡರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಕ್ರೋಮ್ ತೆಗೆಯುವಾಗ ‘ಬ್ರೌಸಿಂಗ್ ಡೇಟಾ ಕೂಡ ಅಳಿಸು’ ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ನಿಮ್ಮ ಸೆಟ್ಟಿಂಗ್ ಮೊದಲಾದವು ಇರುವ ಪ್ರೊಫೈಲ್ ಫೋಲ್ಡರ್ ಅಲ್ಲೇ ಉಳಿಯುತ್ತದೆ, ಹೊಸದಾಗಿ ಹಾಕಿದ ಕ್ರೋಮ್ ಅದನ್ನೇ ಎತ್ತಿಕೊಳ್ಳುತ್ತದೆ. ತಯಾರಕರು ಕೊಟ್ಟಿರುವ ವಿಂಡೋಸ್ ಪ್ರತಿಯಿಂದ (ರಿಕವರಿ ಇಮೇಜ್) ರಿಸೆಟ್ ಮಾಡಿದರೆ ಕಾರ್ಖಾನೆಯಲ್ಲಿ ಹಾಕಿದ್ದ ಅದೇ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ಬಿಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶ) ಮರಳಿ ಬರುತ್ತದೆ. ಯಾವುದು ಹ್ಯಾಂಗ್ ಆಗುತ್ತಿದೆ ಎಂದು ನೋಡದೆ ಕೈ ಹಾಕಿದರೆ ಅರ್ಧ ದಿನ ಹಾಳು, ಅಷ್ಟೆ.

ಮೊದಲು ನೋಡಬೇಕಾದ್ದು, ಇದು ಹ್ಯಾಂಗೋ ಅಥವಾ ನೆಟ್ ನಿಧಾನವೋ ಎಂದು. ನೆಟ್ ಕೈಕೊಟ್ಟರೆ ಪುಟದ ಜಾಗ ಖಾಲಿ ಇರುತ್ತದೆ, ಆದರೆ ಟ್ಯಾಬ್ ಬದಲಾಯಿಸಬಹುದು, ಮೆನು ತೆರೆಯುತ್ತದೆ, ಕಿಟಕಿ ಎಳೆದಾಡಬಹುದು. ಮೆನುವೂ ತೆರೆಯದಿದ್ದರೆ ರೌಟರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆಮೇಲೆ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ವಿಂಡೋಸ್ ಜೀವಂತವಾಗಿದೆ. ದೀಪವೂ ಇಲ್ಲ, ಮೌಸೂ ಇಲ್ಲ, ಹಾಡುತ್ತಿದ್ದ ಶಬ್ದ ಒಂದೇ ಸ್ವರದಲ್ಲಿ ಕಿರ್ರೆನ್ನುತ್ತಿದೆ ಎಂದರೆ ಅದು ಬ್ರೌಸರಿನ ಮಾತಲ್ಲ, ರ‍್ಯಾಮ್, ಎಸ್ಎಸ್‌ಡಿ ಅಥವಾ ಡ್ರೈವರಿನ ಮಾತು. ಆ ಕಡೆಗೆ ಆಮೇಲೆ ಬರೋಣ.

ಈ ಯಂತ್ರದಲ್ಲಿ ಕ್ಯಾಪ್ಸ್ ಲಾಕ್ ದೀಪ ಸರಿಯಾಗಿತ್ತು. ಹಾಗಾಗಿ ಮುಂದಿನ ಪರೀಕ್ಷೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ, ನಾಲ್ಕನ್ನೂ ಒಟ್ಟಿಗೆ ಒತ್ತುವುದು. ಇದು ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಶುರು ಮಾಡುತ್ತದೆ. ತೆರೆದಿರುವ ಫೈಲುಗಳಿಗೆ ಅಪಾಯವಿಲ್ಲ. ಬೀಪ್ ಎಂಬ ಸಣ್ಣ ಸದ್ದು, ಪರದೆ ಒಮ್ಮೆ ಕಪ್ಪಾಗಿ ಮಿಟುಕಿತು, ಬಿಳಿಚಿಕೊಂಡಿದ್ದ ಕಿಟಕಿಗೆ ಬಣ್ಣ ಬಂತು, ನಿಂತಿದ್ದ ವಿಡಿಯೊ ಓಡತೊಡಗಿತು. ಹೀಗಾದರೆ ಕಳ್ಳ ಯಾರೆಂದು ಮುಕ್ಕಾಲು ಪಾಲು ಗೊತ್ತಾದಂತೆ. ಬ್ರೌಸರ್ ತಾನಾಗಿ ನಿಂತಿರಲಿಲ್ಲ, ಚಿತ್ರ ಬಿಡಿಸಿಕೊಡು ಎಂದು ಗ್ರಾಫಿಕ್ಸ್ ಚಿಪ್ಪಿಗೆ ಹೇಳಿ ಉತ್ತರಕ್ಕೆ ಕಾಯುತ್ತಿತ್ತು.

ಇದೇನು ಹೊಸ ಸಂಗತಿಯಲ್ಲ. 2018ರಲ್ಲಿ ವಿಂಡೋಸ್ 10ರ ಏಪ್ರಿಲ್ ಅಪ್‌ಡೇಟ್ ಹಾಕಿಕೊಂಡವರಲ್ಲಿ ಕೆಲವರಿಗೆ ಕ್ರೋಮ್ ಬಳಸುವಾಗ ಯಂತ್ರವೇ ನಿಂತುಹೋಗುತ್ತಿತ್ತು. ಆಗ ಮೈಕ್ರೋಸಾಫ್ಟ್ ಸೂಚಿಸಿದ್ದು ಇದೇ ನಾಲ್ಕು ಕೀಗಳನ್ನು. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿ ತೆಗೆಯಿರಿ ಎಂದೂ ಹೇಳಿತ್ತು. ಆ ವರ್ಷ ಮೇ 8ರ ಅಪ್‌ಡೇಟಿನಲ್ಲಿ ದೋಷ ಸರಿಹೋಯಿತು. ಬಳಸುವವರ ತಪ್ಪೇನೂ ಇಲ್ಲದೆ ಬ್ರೌಸರ್ ನಿಲ್ಲುವುದಕ್ಕೆ ಇನ್ನೊಂದು ಉದಾಹರಣೆ 2022ರ ಜನವರಿ 13ರದ್ದು. ಅಂದು ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಯಾವ ಪುಟವನ್ನೂ ತೆರೆಯದೆ ಕುಳಿತಿತ್ತು. ಎಚ್‌ಟಿಟಿಪಿ 3 ಎಂಬ ಹೊಸ ಸಂವಹನ ವಿಧಾನವನ್ನು ನಿಭಾಯಿಸುವ ಕೋಡ್, ಕೋರಿಕೆಯ ತಲೆಬರಹದ (ಹೆಡರ್) ಹೆಸರು ಹುಡುಕುವಾಗ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸಕ್ಕೆ ಸಿಕ್ಕಿ, ಮುಗಿಯದ ಲೂಪಿನಲ್ಲಿ ಸುತ್ತುತ್ತಿತ್ತು. ಆದ್ದರಿಂದ ಒಂದೇ ದಿನ ಇದ್ದಕ್ಕಿದ್ದಂತೆ ಕಾಟ ಶುರುವಾದರೆ, ಏನನ್ನೂ ಬಿಚ್ಚುವ ಮೊದಲು ಅಕ್ಕಪಕ್ಕದವರ ಯಂತ್ರದಲ್ಲೂ ಹೀಗೇ ಆಗಿದೆಯೇ ಎಂದು ಕೇಳಿಬಿಡುವುದು ಒಳ್ಳೆಯದು.

ಗ್ರಾಫಿಕ್ಸ್ ಮೇಲಿನ ಅನುಮಾನ ಖಚಿತ ಮಾಡಿಕೊಳ್ಳಲು, ಬ್ರೌಸರ್ ತನ್ನ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವ ಸೌಲಭ್ಯವಾದ ಹಾರ್ಡ್‌ವೇರ್ ಆಕ್ಸಲರೇಶನ್ ಆಫ್ ಮಾಡಬೇಕು. ಕ್ರೋಮಿನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಲ್ಲಿ ‘ಯೂಸ್ ಗ್ರಾಫಿಕ್ಸ್ ಆಕ್ಸಲರೇಶನ್ ವೆನ್ ಅವೈಲಬಲ್’ ಎಂಬುದನ್ನು ತೆಗೆದು, ಪಕ್ಕದ ರಿಲಾಂಚ್ ಒತ್ತಿ. ಎಡ್ಜಿನಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಫೈರ್‌ಫಾಕ್ಸಿನಲ್ಲಿ ಸೆಟ್ಟಿಂಗ್ಸಿನ ಜನರಲ್ ವಿಭಾಗದಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿ, ಮೊದಲು ಶಿಫಾರಸು ಮಾಡಿದ ಸೆಟ್ಟಿಂಗಿನ ಗುರುತು ತೆಗೆದರೆ ಕೆಳಗೆ ಈ ಆಯ್ಕೆ ಕಾಣಿಸುತ್ತದೆ. ಆಫ್ ಮಾಡಿ ಅದೇ ವಿಡಿಯೊ, ಅದೇ ಪುಟ ಹಚ್ಚಿ ಒಂದು ದಿನ ನೋಡಿ. ಇಲ್ಲಿ ಹ್ಯಾಂಗ್ ಪೂರ್ತಿ ನಿಂತಿತು.

ಬಹಳ ಮಂದಿ ಇಷ್ಟಕ್ಕೇ ಬಿಟ್ಟುಬಿಡುತ್ತಾರೆ. ಬಿಡಬಾರದು. ಇದು ಪರೀಕ್ಷೆಯೇ ಹೊರತು ರಿಪೇರಿಯಲ್ಲ. ಗ್ರಾಫಿಕ್ಸ್ ಚಿಪ್ ಮಾಡುತ್ತಿದ್ದ ವಿಡಿಯೊ ಕೆಲಸವೆಲ್ಲ ಈಗ ಸಿಪಿಯು, ಅಂದರೆ ಮುಖ್ಯ ಪ್ರೊಸೆಸರಿನ ತಲೆಗೆ ಬೀಳುತ್ತದೆ. 1080ಪಿ ವಿಡಿಯೊ ಹಾಕಿದರೆ ಫ್ಯಾನ್ ಊದತೊಡಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ವಿಡಿಯೊ ಮೀಟಿಂಗಿನಲ್ಲಿ ಮಾತು ತುಂಡುತುಂಡಾಗುತ್ತದೆ.

ನಿಜವಾದ ಕೆಲಸ ಡ್ರೈವರಿನಲ್ಲಿದೆ. ಯಂತ್ರ ಹೊಸದಾದರೂ ಅದರೊಳಗಿನ ವಿಂಡೋಸ್ ಇಮೇಜ್ ಹೊಸದಲ್ಲ. ಕಾರ್ಖಾನೆಯಲ್ಲಿ ತುಂಬಿಸಿ, ಗೋದಾಮು, ಅಂಗಡಿ ಎಂದು ತಿಂಗಳುಗಟ್ಟಲೆ ಕುಳಿತು ನಿಮ್ಮ ಕೈಗೆ ಬಂದಿರುತ್ತದೆ. ಬ್ರೌಸರ್ ಮಾತ್ರ ಇವತ್ತಿನದು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್, ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್ಸ್, ಹೆಸರಿನ ಮೇಲೆ ಎರಡು ಕ್ಲಿಕ್, ಡ್ರೈವರ್ ಟ್ಯಾಬ್. ಅಲ್ಲಿರುವ ದಿನಾಂಕ ಮತ್ತು ವರ್ಷನ್ ಬರೆದಿಟ್ಟುಕೊಳ್ಳಿ. ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಷ್ಟೇ ಇದ್ದರೆ ಸರಿಯಾದ ಡ್ರೈವರ್ ಹತ್ತಿಯೇ ಇಲ್ಲ ಎಂದರ್ಥ. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಂಥಲ್ಲಿ ಜೋಡಿಸಿ ತಂದ ಡೆಸ್ಕ್‌ಟಾಪುಗಳಲ್ಲಿ ಇದು ಆಗುವುದುಂಟು. ಅಂಗಡಿಯವರು ವಿಂಡೋಸ್ ಹಾಕಿ, ಪರದೆ ಬಂತು ಎಂದು ಕಳಿಸಿಬಿಡುತ್ತಾರೆ.

ಲ್ಯಾಪ್‌ಟಾಪಾದರೆ ತಯಾರಕರ ಸಪೋರ್ಟ್ ಪುಟದಲ್ಲಿ ಬೆನ್ನಿನ ಸ್ಟಿಕರಿನ ಸೀರಿಯಲ್ ನಂಬರ್ ಕೊಟ್ಟು ಆ ಮಾದರಿಯ ಗ್ರಾಫಿಕ್ಸ್ ಡ್ರೈವರನ್ನೇ ಇಳಿಸಿಕೊಳ್ಳಿ. ಅದೂ ಹಳೆಯದಾಗಿದ್ದರೆ ಮಾತ್ರ ಇಂಟೆಲ್, ಎಎಂಡಿ, ಎನ್‌ವಿಡಿಯಾದ ಸ್ವಂತ ಪುಟಕ್ಕೆ ಹೋಗಿ. ‘ಒಂದೇ ಕ್ಲಿಕ್ಕಿಗೆ ಎಲ್ಲ ಡ್ರೈವರ್ ಅಪ್‌ಡೇಟ್’ ಎನ್ನುವ ಪುಕ್ಕಟೆ ಸಾಫ್ಟ್‌ವೇರುಗಳ ಸಹವಾಸ ಬೇಡವೇ ಬೇಡ. ಹಾಕಿದ ಮೇಲೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಒತ್ತಬೇಕು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ (ವಿಂಡೋಸಿನ ತಿರುಳು) ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ‘ಆಫ್ ಮಾಡಿ ಆನ್ ಮಾಡಿದರೂ ಹಾಗೇ ಇದೆ’ ಎನ್ನುವವರ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಹೊಸ ಡ್ರೈವರೇ ಕೆಟ್ಟದ್ದಾಗಿರುವುದೂ ಉಂಟು. ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದ ಹ್ಯಾಂಗ್ ಶುರುವಾಗಿದ್ದರೆ, ಅದೇ ಡ್ರೈವರ್ ಟ್ಯಾಬಿನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬ್ರೌಸರ್ ತೊದಲುವುದುಂಟು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬಲ್ಲಿ ಬ್ರೌಸರನ್ನು ಆರಿಸಿ ‘ಪವರ್ ಸೇವಿಂಗ್’ಗೆ ಕಟ್ಟಿಹಾಕಿದರೆ ದಾಟಾಟ ನಿಲ್ಲುತ್ತದೆ.

ಇನ್ನು, ಆ ನಾಲ್ಕು ಕೀ ಒತ್ತಿದರೂ ಕಿಟಕಿ ಅಲುಗದಿದ್ದರೆ? ಆಗ ಅನುಮಾನ ಬ್ರೌಸರಿಗೆ ಸೇರಿಸಿಕೊಳ್ಳುವ ಕಿರು ತಂತ್ರಾಂಶಗಳಾದ ಎಕ್ಸ್‌ಟೆನ್ಶನ್‌ಗಳ ಮೇಲೆ. ‘ಹೊಸ ಕಂಪ್ಯೂಟರಿನಲ್ಲಿ ನಾನೇನೂ ಹಾಕೇ ಇಲ್ಲ’ ಎನ್ನುತ್ತಾರೆ. ಆದರೆ ಜಿಮೇಲ್ ಖಾತೆಯಿಂದ ಕ್ರೋಮಿಗೆ ಲಾಗಿನ್ ಆಗಿ ಸಿಂಕ್ ಆನ್ ಮಾಡಿದ್ದರೆ, ಹಳೆಯ ಯಂತ್ರದಲ್ಲಿ ಕೂಡಿಹಾಕಿದ್ದ ಎಕ್ಸ್‌ಟೆನ್ಶನ್‌ಗಳೆಲ್ಲ ಬೆನ್ನ ಹಿಂದೆಯೇ ಬರುತ್ತವೆ. ಹೊಸ ಮನೆಗೆ ತಿಗಣೆ ಹತ್ತಿದ ಹಳೇ ಮಂಚ ತಂದ ಹಾಗೆ. ಪರೀಕ್ಷಿಸಲು ಇನ್‌ಕಾಗ್ನಿಟೊಗಿಂತ ಗೆಸ್ಟ್ ಕಿಟಕಿ ಮೇಲು. ಬಲ ಮೇಲ್ತುದಿಯ ಪ್ರೊಫೈಲ್ ಚಿತ್ರ ಒತ್ತಿದರೆ ಸಿಗುತ್ತದೆ, ಎಕ್ಸ್‌ಟೆನ್ಶನ್ನೂ ಇಲ್ಲ, ಹಳೆಯ ಕುಕೀ ಕ್ಯಾಶೆಗಳೂ ಇಲ್ಲ. ಫೈರ್‌ಫಾಕ್ಸಿನಲ್ಲಿ ಹೆಲ್ಪ್ ಮೆನುವಿನ ಟ್ರಬಲ್‌ಶೂಟ್ ಮೋಡ್. ಗೆಸ್ಟಿನಲ್ಲಿ ಸರಿಯಿದ್ದು ನಿಮ್ಮ ಪ್ರೊಫೈಲಿನಲ್ಲಿ ಮಾತ್ರ ನಿಂತರೆ, ಎಲ್ಲ ಎಕ್ಸ್‌ಟೆನ್ಶನ್ ಆಫ್ ಮಾಡಿ ಅರ್ಧರ್ಧ ಆನ್ ಮಾಡುತ್ತಾ ಬನ್ನಿ. ಹದಿನಾರಿದ್ದರೂ ನಾಲ್ಕೇ ಸುತ್ತಿಗೆ ಸಿಕ್ಕಿಬೀಳುತ್ತದೆ.

ಕ್ರೋಮಿಗೆ ತನ್ನದೇ ಟಾಸ್ಕ್ ಮ್ಯಾನೇಜರ್ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ. ಪ್ರತಿ ಟ್ಯಾಬ್, ಪ್ರತಿ ಎಕ್ಸ್‌ಟೆನ್ಶನ್, ಜಿಪಿಯು (ಗ್ರಾಫಿಕ್ಸ್ ಚಿಪ್) ಪ್ರೋಸೆಸ್ ಎಲ್ಲ ಬೇರೆಬೇರೆ ಸಾಲಿನಲ್ಲಿ, ಎಷ್ಟು ಮೆಮೊರಿ ಎಷ್ಟು ಸಿಪಿಯು ಎಂಬ ಲೆಕ್ಕದೊಂದಿಗೆ ಕಾಣುತ್ತವೆ. ಒಂದು ಸಾಲು ಮೇಲೇರಿ ಕುಳಿತಿದ್ದರೆ ಅದನ್ನಷ್ಟೇ ಎಂಡ್ ಮಾಡಿ, ಉಳಿದ ಟ್ಯಾಬ್ ಬದುಕಿಕೊಳ್ಳುತ್ತವೆ.

ಮೊದಲ ಒಂದೆರಡು ದಿನದ ನಿಧಾನಕ್ಕೆ ಹೆದರಬೇಕಿಲ್ಲ. ಅಪ್‌ಡೇಟ್ ಇಳಿಯುತ್ತಿರುತ್ತದೆ, ವಿಂಡೋಸಿನದೇ ಆಂಟಿವೈರಸ್ ಡಿಫೆಂಡರ್ ಮೊದಲ ಸ್ಕ್ಯಾನ್ ಮಾಡುತ್ತಿರುತ್ತದೆ, ಒನ್‌ಡ್ರೈವ್ ಫೈಲುಗಳನ್ನು ಇಂಟರ್ನೆಟ್ಟಿಗೆ ಏರಿಸುತ್ತಿರುತ್ತದೆ. ರಾತ್ರಿ ಚಾರ್ಜರಿಗೆ ಹಾಕಿ, ಮುಚ್ಚಳ ತೆರೆದೇ, ಸ್ಲೀಪ್ ಆಫ್ ಮಾಡಿ ಬಿಟ್ಟರೆ ಮುಗಿಯುತ್ತದೆ. ಜೊತೆಗೆ ಬಂದ ಟ್ರಯಲ್ ಆಂಟಿವೈರಸ್ ಬೇಡವಾದರೆ ಪೂರ್ತಿ ತೆಗೆದು ರೀಸ್ಟಾರ್ಟ್ ಮಾಡಿ. ಡಿಫೆಂಡರ್ ತಾನೇ ಎದ್ದು ಕೆಲಸ ಹಿಡಿಯುತ್ತದೆ.

ರ‍್ಯಾಮ್ ಬಗ್ಗೆ ಒಂದು ಮಾತು. 8 ಜಿಬಿ ಎಂದು ಬರೆದಿದ್ದರೂ ಒಳಗಿನ ಗ್ರಾಫಿಕ್ಸ್ ಅದರಲ್ಲೇ ಪಾಲು ತಿನ್ನುತ್ತದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ಒತ್ತಿದರೆ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂದು ಎತ್ತಿಟ್ಟ ಪಾಲೂ, ‘ಸ್ಲಾಟ್ಸ್ ಯೂಸ್ಡ್’ ಎಂದು ಎಷ್ಟು ಸ್ಲಾಟ್ ತುಂಬಿದೆ ಎಂಬುದೂ ಕಾಣುತ್ತದೆ. ಎರಡರಲ್ಲಿ ಒಂದೇ ತುಂಬಿದ್ದರೆ ಅದೇ ಬಗೆಯ ಇನ್ನೊಂದು 8 ಜಿಬಿ ಹಾಕುವುದು ಹಣಕ್ಕೆ ತಕ್ಕ ಕೆಲಸ. ಆದರೆ ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಸ್ಲಾಟ್ ಲೆಕ್ಕವನ್ನು ನಂಬಿ ಹಣ ಕೊಡುವ ಮೊದಲು ಮಾದರಿಯ ವಿವರ ನೋಡಿ.

ಟೈಪ್ ಮಾಡುವಾಗ ಮಾತ್ರ ಬ್ರೌಸರ್ ತಡವರಿಸುತ್ತದೆ, ಅಕ್ಷರಗಳು ಹಿಂದಿನಿಂದ ಗುಂಪಾಗಿ ಬಂದು ಬೀಳುತ್ತವೆ ಎನ್ನುವವರು, ಹಿನ್ನೆಲೆಯಲ್ಲಿ ಓಡುವ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಮುಚ್ಚಿ ನೋಡಬೇಕು. ಪ್ರತಿ ಕೀಲಿಯನ್ನೂ ನಡುವೆ ತಡೆದು ಬದಲಿಸುವ ಇಂಥ ತಂತ್ರಾಂಶ ತಾನು ನಿಧಾನವಾದರೆ ಎಲ್ಲ ಕೀಲಿಗಳನ್ನೂ ಕಾಯಿಸುತ್ತದೆ. ವಿಂಡೋಸಿನದೇ ಕನ್ನಡ ಕೀಲಿಮಣೆ ಸೇರಿಸಿಕೊಂಡರೆ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಯಂತ್ರವೇ ಪೂರ್ತಿ ಸ್ತಬ್ಧವಾಗುವ ಪ್ರಕರಣದಲ್ಲಿ ಪುರಾವೆ ಕೂಡಿಸಿಕೊಳ್ಳಿ. ವಿಂಡೋಸಿನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರಿನಲ್ಲಿ ಈವೆಂಟ್ ಸಂಖ್ಯೆ 1002 ಎಂದರೆ ಯಾವುದೋ ಅಪ್ಲಿಕೇಶನ್ ಹ್ಯಾಂಗ್, 4101 ಎಂದರೆ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡದೆ ನಿಂತು ಮತ್ತೆ ಚೇತರಿಸಿಕೊಂಡಿತು ಎಂದು. ಕರ್ನಲ್ ಪವರ್ 41 ಎಂದರೆ ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಆರಿತು ಎಂದು, ನೀವೇ ಪವರ್ ಗುಂಡಿ ಒತ್ತಿ ಹಿಡಿದಿದ್ದರೂ ಅದೇ ಬರುತ್ತದೆ. ಸ್ಟಾರ್ಟಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ ರ‍್ಯಾಮ್ ಪರೀಕ್ಷೆ ಓಡಿಸಿ. ಅದರಲ್ಲಿ ದೋಷ ಸಿಕ್ಕರೆ ಬ್ರೌಸರಿನ ತಂಟೆಗೇ ಹೋಗಬೇಡಿ, ಬಿಲ್ ತೆಗೆದು ಬದಲಾವಣೆಯ ಅವಧಿ ಎಷ್ಟು ದಿನ ಇದೆ ನೋಡಿ. ಅವಧಿ ದಾಟಿದರೆ ಬದಲಿ ಯಂತ್ರದ ಆಸೆ ಬಿಟ್ಟು, ವಾರಂಟಿ ಹಿಡಿದುಕೊಂಡು ಸರ್ವಿಸ್ ಸೆಂಟರಿಗೆ ಅಲೆಯಬೇಕಾಗುತ್ತದೆ. ಅಲ್ಲಿ ‘ಫಾರ್ಮ್ಯಾಟ್ ಮಾಡಿ ನೋಡಿ ಸರ್’ ಎನ್ನುವ ಮೊದಲೇ ಈ ಸಂಖ್ಯೆಗಳ ಫೋಟೊ ಮುಂದಿಡಿ.

ಡ್ರೈವರ್ ಬದಲಿಸಿದ ಲ್ಯಾಪ್‌ಟಾಪಿನಲ್ಲಿ ಕೊನೆಗೆ ಮಾಡಬೇಕಾದ್ದು, ಆಫ್ ಮಾಡಿದ್ದ ಆಕ್ಸಲರೇಶನನ್ನು ಮತ್ತೆ ಆನ್ ಮಾಡುವುದು. ಆಮೇಲೆ ಅಡ್ರೆಸ್ ಬಾರಿನಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಜಿಪಿಯು ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಒಂದು ಪಟ್ಟಿ ಬರುತ್ತದೆ. ‘ವಿಡಿಯೊ ಡಿಕೋಡ್’ ಸಾಲಿನ ಎದುರು ‘ಹಾರ್ಡ್‌ವೇರ್ ಆಕ್ಸಲರೇಟೆಡ್’ ಎಂದು ಹಸಿರಿನಲ್ಲಿ ಇರಬೇಕು. ವಿಡಿಯೊ ಹಚ್ಚಿ, ಕಿಟಕಿಯನ್ನು ಹಿಗ್ಗಿಸಿ ಕುಗ್ಗಿಸಿ, ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ಡ್ರೈವರಿನಲ್ಲಿ ಇನ್ನೂ ಹುಳುಕಿದ್ದರೆ ಅದು ಬಹುಮಟ್ಟಿಗೆ ಸ್ಲೀಪಿನಿಂದ ಏಳುವಾಗಲೇ ಹೊರಬೀಳುತ್ತದೆ.