ಎರಡೂವರೆ ಗುಂಟೆಯ ಕಾಡು

ಇಂಗ್ಲೆಂಡಿನ ನಗರಸಭೆಗಳು ತರಕಾರಿ ಬೆಳೆದುಕೊಳ್ಳಲು ಬಾಡಿಗೆಗೆ ಕೊಡುವ ತುಂಡುಭೂಮಿಗೆ ಅಲಾಟ್‌ಮೆಂಟ್ ಎನ್ನುತ್ತಾರೆ. ಅದನ್ನು ಇಂದಿಗೂ ರಾಡ್ ಎಂಬ ಓಬೀರಾಯನ ಕಾಲದ ಅಳತೆಯಲ್ಲೇ ಅಳೆಯುತ್ತಾರೆ. ಪೂರ್ತಿ ಪ್ಲಾಟೆಂದರೆ ಹತ್ತು ರಾಡ್, ಸುಮಾರು 250 ಚದರ ಮೀಟರ್. ಲೆಕ್ಕ ಹಾಕಿ ನೋಡಿದೆ: ಸರಿಯಾಗಿ ಎರಡೂವರೆ ಗುಂಟೆ! ಮೂರು ವರ್ಷ ಸರದಿಯಲ್ಲಿ ಕಾದು ಪಡೆದ ಆ ಎರಡೂವರೆ ಗುಂಟೆಯ ತುಂಬ ಎದೆಮಟ್ಟದ ಬ್ರ್ಯಾಂಬಲ್ ಮುಳ್ಳು, ಅದರಡಿ ತುರಚೆ, ಅದರಡಿ ಹುಲ್ಲು.

ಇದನ್ನೆಲ್ಲ ಸವರಲು ಯಂತ್ರ ಬೇಕಿತ್ತು. ಪ್ಲಾಟಿನಲ್ಲಿ ಕರೆಂಟಿಲ್ಲ, ಹಾಗಾಗಿ ವೈರಿನ ಯಂತ್ರದ ಮಾತೇ ಇಲ್ಲ. ನೈಲಾನ್ ದಾರ ಗರಗರ ತಿರುಗುವ ಬ್ಯಾಟರಿ ಸ್ಟ್ರಿಮ್ಮರ್ ಹಗುರ, ಆದರೆ ಅದು ಹುಲ್ಲಿಗೆ ಸರಿ. ಹೆಬ್ಬೆರಳು ಗಾತ್ರದ ಮುಳ್ಳುಕಾಂಡಕ್ಕೆ ತಾಗಿದರೆ ದಾರವೇ ತುಂಡಾಗುತ್ತದೆ. ಇನ್ನೊಂದು, ಹೆಗಲಿಗೆ ಪಟ್ಟಿ ಕಟ್ಟಿಕೊಂಡು, ಎತ್ತಿನ ಕೊಂಬಿನಂಥ ಹಿಡಿಕೆ ಹಿಡಿದು ಬೀಸುವ ಪೆಟ್ರೋಲ್ ಬ್ರಷ್ ಕಟರ್. ನಾಲ್ಕು ರಾತ್ರಿ ವಿಡಿಯೋ ನೋಡಿದರೂ ತೀರ್ಮಾನವಾಗಲಿಲ್ಲ. ಪಕ್ಕದ ಪ್ಲಾಟಿನ ಮುದುಕನನ್ನು ಕೇಳಿದರೆ, "ನೀನು ತೋಟದ ಮನೆಯಲ್ಲಿ ಹುಟ್ಟಿದವನಲ್ಲವೇ? ನಿನಗೆ ಗೊತ್ತಿರಬೇಕು" ಎಂದ.

ಗೊತ್ತಿರಲಿಲ್ಲ. ತೀರ್ಥಹಳ್ಳಿಯ ಹತ್ತಿರ ನಮಗೆ ನಾಲ್ಕು ಎಕರೆ ಅಡಿಕೆ ತೋಟವಿದೆ. ನಾನು ಅದರಲ್ಲಿ ಓಡಾಡಿದ್ದೇನೆ, ಫೋಟೋ ತೆಗೆದಿದ್ದೇನೆ, ಕಳೆ ತೆಗೆದಿಲ್ಲ.

ಭಾನುವಾರ ಮನೆಗೆ ಫೋನ್ ಮಾಡಿ, ತೋಟದ ಕೆಲಸಕ್ಕೆ ಬರುವವನಿಗೆ ಕೊಡಲು ಅಪ್ಪನಿಗೆ ಹೇಳಿದೆ. ಅವನ ಹತ್ತಿರ ಸ್ವಂತ ಕಟರ್ ಇದೆ, ಸುತ್ತಲಿನ ತೋಟಗಳನ್ನೆಲ್ಲ ಸವರುವುದು ಅವನೇ. ಮುಖದ ಮೇಲೆ ಹುಲ್ಲಿನ ಚೂರು ಅಂಟಿಸಿಕೊಂಡೇ ಪರದೆಗೆ ಬಂದ.

"ಎಷ್ಟು ಎಕರೆ, ಸಣ್ಣಯ್ಯ?"

"ಎರಡೂವರೆ ಗುಂಟೆ."

ಆ ಕಡೆ ನಗು ತಡೆದುಕೊಂಡದ್ದು ಇಲ್ಲಿಗೆ ಕಾಣಿಸಿತು. "ಅದಕ್ಕೆ ಕತ್ತಿ ಸಾಲದೇ?"

"ನಿನಗೆ ಸಾಕು, ನನ್ನ ಕೈಯಲ್ಲಾಗುತ್ತದೆಯೇ? ಯಾವುದನ್ನು ಕೊಳ್ಳಲಿ, ನೀನೇ ಹೇಳು."

ಕೊಳ್ಳಲೇಬೇಡಿ, ಎರಡು ದಿನಕ್ಕೆ ಬಾಡಿಗೆಗೆ ತನ್ನಿ ಎಂದ. ಮುಳ್ಳಿಗೆ ಮೂರು ಹಲ್ಲಿನ ಉಕ್ಕಿನ ಬ್ಲೇಡು. ಆಮೇಲೆ ಹುಲ್ಲಿಗೆ ದಾರ. ಮುಳ್ಳುಪೊದೆಯನ್ನು ಬುಡಕ್ಕೇ ಹೊಡೆದರೆ ಬಳ್ಳಿ ಬಂದು ಸುತ್ತಿಕೊಳ್ಳುತ್ತದೆ, ಮೇಲಿನಿಂದ ಚೂರುಚೂರಾಗಿ ಇಳಿಸುತ್ತ ಬರಬೇಕು. ಬಲದಿಂದ ಎಡಕ್ಕೆ ಬೀಸಬೇಕು. ಬ್ಲೇಡಿನ ಬಲಮೂಲೆ ಗಟ್ಟಿ ಕಾಂಡಕ್ಕೆ ತಾಗಿದರೆ ಯಂತ್ರ ಒದೆಯುತ್ತದೆ. ಕೇಳದೆಯೇ ಇನ್ನೊಂದು ಮಾತು ಸೇರಿಸಿದ: "ಬೇರು ಕೀಳದಿದ್ದರೆ ಇದೆಲ್ಲ ಕ್ಷೌರ ಮಾಡಿದ ಹಾಗೆ, ಸಣ್ಣಯ್ಯ. ತಿಂಗಳಿಗೆ ಮತ್ತೆ ಬೆಳೆಯುತ್ತದೆ."

ನಾಲ್ಕು ರಾತ್ರಿಯ ವಿಡಿಯೋಗಳು ಐದು ನಿಮಿಷದಲ್ಲಿ ಮುಗಿದವು.

ಫೋನ್ ಇಟ್ಟ ಮೇಲೆ, ಅಲ್ಲೇ ಕೂತು ಕನ್ನಡ ಶಾಲೆಯ ಹೋಮ್‌ವರ್ಕ್ ಬರೆಯುತ್ತಿದ್ದ ಮಗಳು ತಲೆ ಎತ್ತಿದಳು. "ಅಪ್ಪಾ, ಆ ಅಜ್ಜ ನಿನಗಿಂತ ಚಿಕ್ಕವರಾ?"

"ಇಲ್ಲ, ಇಪ್ಪತ್ತು ವರ್ಷ ದೊಡ್ಡವನು."

"ಮತ್ತೆ ನೀನು ಅವರಿಗೆ ನೀನು ಅಂದೆ. ಅವರು ನಿನಗೆ ನೀವು ಅಂದರು. ನಮ್ಮ ಟೀಚರ್ ಉಲ್ಟಾ ಹೇಳಿಕೊಟ್ಟಿದ್ದಾರೆ."

ಇಂಗ್ಲಿಷಿನಲ್ಲಾದರೆ ಎಲ್ಲರಿಗೂ ಒಂದೇ 'ಯೂ', ತಪ್ಪಿಸಿಕೊಳ್ಳಬಹುದಿತ್ತು. ಕನ್ನಡ ಕಲಿಯಲೇಬೇಕೆಂದು ಪ್ರತಿ ಶನಿವಾರ ಅವಳನ್ನು ಕಾರಿನಲ್ಲಿ ಬಿಟ್ಟು ಬರುವವನು ನಾನೇ. ನಾನು ಏಳು ವರ್ಷದವನಿದ್ದಾಗ, ಕೊಟ್ಟಿಗೆಯಿಂದ ಶಾಲೆಯ ಬಸ್ಸಿನವರೆಗೆ ಕೆಸರಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತವರು ಅವರು. ಆಗಲೂ "ಗಟ್ಟಿಯಾಗಿ ಹಿಡಿದುಕೊಳ್ಳಿ, ಸಣ್ಣಯ್ಯ" ಎನ್ನುತ್ತಿದ್ದರು. ಏಳು ವರ್ಷದ ನಾನು ಮೇಲೆ ಕೂತು "ಬೇಗ ನಡೆ" ಎನ್ನುತ್ತಿದ್ದೆ. ಯಾರೂ ತಿದ್ದಲಿಲ್ಲ.

ಬಾಡಿಗೆಯ ಯಂತ್ರ ಬಂತು. ಐದು ಲೀಟರ್ ಪೆಟ್ರೋಲಿಗೆ 100 ಮಿಲಿಲೀಟರ್ ಟೂ ಸ್ಟ್ರೋಕ್ ಎಣ್ಣೆ ಬೆರೆಸಿದೆ. ಮುಳ್ಳುಹಂದಿಯಂಥ ಪುಟ್ಟ ಹೆಜ್‌ಹಾಗ್ ಅಡಗಿರಬಹುದೆಂದು ಮುದುಕ ಎಚ್ಚರಿಸಿದ್ದರಿಂದ ಪೊದೆಯನ್ನು ಕೋಲಿನಿಂದ ಕೆದಕಿ ನೋಡಿದೆ. ಮೇಲಿನಿಂದ ಇಳಿಸುತ್ತ ಬರುವ ತಾಳ್ಮೆ ಅರ್ಧ ಗಂಟೆ ಇತ್ತು. ಆಮೇಲೆ ಬುಡಕ್ಕೇ ಹಾಕಿದೆ. ಬಳ್ಳಿ ಸುತ್ತಿಕೊಂಡು ಯಂತ್ರ ನಿಂತಿತು. ಮುಳ್ಳು ಬಿಡಿಸುವಷ್ಟರಲ್ಲಿ ಕೈಗವಸು ಹರಿದು, ಅಂಗೈಯಲ್ಲಿ ಮೂರು ಗೀರು.

ಸಂಜೆ ಮತ್ತೆ ಫೋನ್ ಮಾಡಿದೆ. ಮಗಳು ಪಕ್ಕದಲ್ಲೇ ಇದ್ದಳು. ಅವರು ಪರದೆಗೆ ಬಂದರು. ಗಂಟಲು ಸರಿಮಾಡಿಕೊಂಡು ಹೇಳಿದೆ: "ನೀವು ಹೇಳಿದ ಹಾಗೆ ಮಾಡಲಿಲ್ಲ, ಅದಕ್ಕೇ ಕೆಟ್ಟಿತು. ನೀವೇ ಏನಾದರೂ ದಾರಿ ಹೇಳಬೇಕು."

ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ತಡೆಯಿರಿ ಸಣ್ಣಯ್ಯ, ಕೊಡುತ್ತೇನೆ" ಎಂದು ಅವರು ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟರು.